ಮಂಡಕ್ಕಿ ಭಟ್ಟಿಯ ಕಣಕ್ಕೆ ಯಾವ ಬಣ್ಣ?

2016ರ ಜನವರಿ 28ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಎರಡೇ ಹೆಸರುಗಳಿದ್ದವು: ಬೆಳಗಾವಿ ಮತ್ತು ದಾವಣಗೆರೆ. ಬೆಂಗಳೂರಿಗೇ ಸಿಗದ ಭಾಗ್ಯ ನಮ್ಮ ಜಿಲ್ಲಾ ಕೇಂದ್ರಕ್ಕೆ ಸಿಕ್ಕಿತಲ್ಲ ಎಂದು ಜಗಳೂರಿನ ಚಹಾದಂಗಡಿಗಳಲ್ಲೂ ಅಚ್ಚರಿಯ ಮಾತು ನಡೆದಿತ್ತು. ದಾವಣಗೆರೆ ಮುಂದಿಟ್ಟ ಯೋಜನೆಯಲ್ಲಿ ರಸ್ತೆ, ಬಸ್ ನಿಲ್ದಾಣ, ಕ್ಯಾಮೆರಾಗಳ ಜೊತೆಗೆ ಇನ್ನೊಂದು ಅಂಶವಿತ್ತು. ಹಳೆಯ ಪೇಟೆಯ ಜೊತೆ ಮಂಡಕ್ಕಿ ಭಟ್ಟಿ ಪ್ರದೇಶವನ್ನೂ ಪುನರಭಿವೃದ್ಧಿಗೆ ಎತ್ತಿಕೊಳ್ಳಲಾಗಿತ್ತು.

ದಾವಣಗೆರೆಯನ್ನು ಹೊರಗಿನವರು ಬೆಣ್ಣೆದೋಸೆಯಿಂದ ಗುರುತಿಸುತ್ತಾರೆ. ಒಳಗಿನವರಿಗೆ ಸಂಜೆಯಾದರೆ ಬೇಕಾಗುವುದು ಮಂಡಕ್ಕಿ, ಮೆಣಸಿನಕಾಯಿ. ಮೈಸೂರು ಕಡೆಯವರು ಪುರಿ ಎನ್ನುವ, ಧಾರವಾಡದವರು ಚುರುಮುರಿ ಎನ್ನುವ ಈ ಪದಾರ್ಥ ತಯಾರಾಗುವ ಜಾಗವೇ ಮಂಡಕ್ಕಿ ಭಟ್ಟಿ. ಅದು ಒಂದು ಕಾರ್ಖಾನೆಯಲ್ಲ, ಬಡಾವಣೆಯಂತೆ ಹರಡಿಕೊಂಡಿರುವ ಒಲೆಗಳ ಸಾಲು. ಸುತ್ತ ಆಜಾದ್ ನಗರ, ಬಾಷಾ ನಗರದಂಥ ದುಡಿಯುವವರ ಕೇರಿಗಳಿವೆ. ಹೊಗೆಯಿಂದಲೇ ಆ ದಿಕ್ಕನ್ನು ಗುರುತಿಸಬಹುದು.

ಸ್ಮಾರ್ಟ್ ಸಿಟಿ ಮಾರ್ಗಸೂಚಿಯಲ್ಲಿ ‘ಪುನರಭಿವೃದ್ಧಿ’ ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. 50 ಎಕರೆಗಿಂತ ದೊಡ್ಡ ಪ್ರದೇಶವೊಂದರಲ್ಲಿ ಈಗಿರುವ ಕಟ್ಟಡಗಳ ಬದಲಿಗೆ ಹೊಸ ವಿನ್ಯಾಸ ತರುವುದು, ಮಿಶ್ರ ಭೂಬಳಕೆಗೆ ಅವಕಾಶ ಕೊಡುವುದು, ಕಟ್ಟಡಗಳ ಎತ್ತರ, ಜನಸಾಂದ್ರತೆ ಹೆಚ್ಚಿಸುವುದು. ಮಾದರಿಯಾಗಿ ಅದು ಹೆಸರಿಸಿದ್ದು ಮುಂಬೈನ ಭೇಂಡಿ ಬಜಾರನ್ನು, ದೆಹಲಿಯ ಪೂರ್ವ ಕಿದ್ವಾಯಿ ನಗರವನ್ನು. ಮಿಶ್ರ ಭೂಬಳಕೆ ಎಂದರೆ ಮನೆ, ಅಂಗಡಿ, ಕಚೇರಿ, ಕೆಲಸದ ಜಾಗ ಒಂದೇ ಕಡೆ ಇರುವುದು. ಈ ಮಾತು ಓದಿದಾಗ ನನಗೆ ನಗು ಬಂದಿತ್ತು. ಭಟ್ಟಿಯ ಜನ ಹಿಂದಿನಿಂದಲೂ ಬದುಕುತ್ತಿರುವುದು ಹಾಗೆಯೇ. ಒಲೆಯ ಹಿಂದೆ ಮನೆ, ಮನೆಯ ಮುಂದೆ ಭತ್ತ, ಬೀದಿ ತುದಿಯಲ್ಲಿ ಚೀಲ ಹೊಲಿಯುವವನು. ಹೊಸತೆಂದು ಬರಲಿದ್ದದ್ದು ಅಲ್ಲಿ ಆಗಲೇ ಇತ್ತು, ಬೇರೆ ಹೆಸರಿನಲ್ಲಿ.

ಇಂಥ ಯೋಜನೆ ಈ ಊರಿಗೆ ಬೇಕೇ ಬೇಡವೇ ಎನ್ನುವ ಮೊದಲು ದಾವಣಗೆರೆಯಲ್ಲಿ ಕೈಗಾರಿಕೆಯ ನೆಲ ಒಮ್ಮೆ ಈಗಾಗಲೇ ಕೈ ಬದಲಾಯಿಸಿದ್ದನ್ನು ನೆನೆಯಬೇಕು. ಆ ಸಲ ಯೋಜನೆ ಎಂಬುದೇ ಇರಲಿಲ್ಲ.

ಹೈದರಾಲಿ ಈ ಊರನ್ನು ಆಪಾಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಕಂಬಳಿ ವ್ಯಾಪಾರದಿಂದ ಬೆಳೆದ ಪೇಟೆಗೆ 1880ರ ದಶಕದ ಕೊನೆಗೆ ರೈಲು ಬಂತು. ಸುತ್ತಲಿನ ಎರೆಭೂಮಿಯ ಹತ್ತಿ ಇಲ್ಲಿಗೆ ಹರಿಯತೊಡಗಿತು. ಸುಮಾರು 50 ಕಿಲೋಮೀಟರ್ ದೂರದ ನಮ್ಮ ಜಗಳೂರು ಸೀಮೆಯ ಒಣಭೂಮಿಯ ರೈತರಿಗೂ ಅದೇ ಮಾರುಕಟ್ಟೆ. ಹತ್ತಿ ತುಂಬಿದ ಬಂಡಿಗಳು ಸರಿರಾತ್ರಿಗೆ ಹೊರಟು ಹೊತ್ತು ಏರುವ ಮೊದಲು ಎಷ್ಟು ಸಾಧ್ಯವೋ ಅಷ್ಟು ದಾರಿ ಸವೆಸುತ್ತಿದ್ದ ಕತೆಯನ್ನು ನಮ್ಮ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ತಲೆಯೆತ್ತಿತು. ಮುಂದೆ ಗಣೇಶರ್, ಚಂದ್ರೋದಯ, ಶಂಕರ್ ಮಿಲ್ಲುಗಳು, ತೋಳಹುಣಸೆಯ ಯಲ್ಲಮ್ಮ ಮಿಲ್ಲು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಸಿಕ್ಕಿತು. ಬಿರುದು ಯಾರು ಕೊಟ್ಟರೋ, ಅದನ್ನು ನಿಜ ಮಾಡಿದವರು ಮೂರು ಪಾಳಿಯಲ್ಲಿ ದುಡಿದ ಗಿರಣಿ ಕಾರ್ಮಿಕರು. ಅವರ ಸಂಘಟನೆಯಿಂದ ಬಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983 ಮತ್ತು 1985ರಲ್ಲಿ, ಒಟ್ಟು ಮೂರು ಸಲ ದಾವಣಗೆರೆಯ ಶಾಸಕರಾದರು. ಅಡಿಕೆ, ಭತ್ತ, ಹತ್ತಿಯ ವರ್ತಕರು ಆಳುತ್ತಿದ್ದ ಪೇಟೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ಮತಗಳ ಹಿಂದೆ ಗಿರಣಿಯ ಸೈರನ್ನಿಗೆ ಎದ್ದು ಮಲಗುತ್ತಿದ್ದ ಕೇರಿಗಳಿದ್ದವು.

ಆಮೇಲೆ ಮಿಲ್ಲುಗಳು ಒಂದೊಂದಾಗಿ ನಿಂತವು. ಹಳೆಯ ಯಂತ್ರ, ಸಾಲ, ಪವರ್‌ಲೂಮಿನ ಸ್ಪರ್ಧೆ, ಕೃತಕ ನೂಲು: ಕಾರಣಗಳು ದೇಶದ ಎಲ್ಲ ಗಿರಣಿ ಊರುಗಳಲ್ಲೂ ಒಂದೇ. 1974ರ ರಾಷ್ಟ್ರೀಕರಣ ಕಾಯ್ದೆಯಡಿ ಯಲ್ಲಮ್ಮ ಮಿಲ್ಲು ಕೇಂದ್ರದ ಜವಳಿ ನಿಗಮಕ್ಕೆ ಸೇರಿತು, ಆದರೂ ಉಳಿಯಲಿಲ್ಲ. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಇವತ್ತು ಉಳಿದಿರುವುದು ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ. ಮೂರು ಅಕ್ಷರಗಳ ಒಳಗೆ ಒಂದು ಗಿರಣಿ ಅಡಗಿದೆ ಎಂಬುದು ಆ ದಾರಿಯಲ್ಲಿ ಆಟೋ ಹತ್ತುವ ಕಾಲೇಜು ಹುಡುಗರಿಗೆ ಹೊಳೆಯುವುದು ಕಡಿಮೆ. ಗಿರಣಿಯ ನೆಲ ನಿವೇಶನವಾಗಿ ಮಾರಾಟವಾಗುವಾಗ ಅಲ್ಲಿ ದುಡಿದವನಿಗೆ ಆ ನೆಲದಲ್ಲಿ ಏನಾದರೂ ಪಾಲಿದೆಯೇ ಎಂಬ ಪ್ರಶ್ನೆ ಸಂಬಳದ ಬಾಕಿ, ಪಿಂಚಣಿ, ಪರಿಹಾರದ ಜಗಳಗಳ ನಡುವೆ ಮುಳುಗಿಹೋಯಿತು.

ಈ ಪ್ರಶ್ನೆಯನ್ನು ಜೋರಾಗಿ ಕೇಳಿದ ಊರು ಮುಂಬೈ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರ ಮುಷ್ಕರ ಶುರುವಾಯಿತು; ಅವರಲ್ಲಿ ಉತ್ತರ ಕರ್ನಾಟಕದಿಂದ ಹೋದವರೂ ಇದ್ದರು. ಮುಷ್ಕರ ಗೆಲ್ಲಲಿಲ್ಲ. ನಗರದ ನಡುಮಧ್ಯೆ ಸುಮಾರು 600 ಎಕರೆ ಗಿರಣಿ ಭೂಮಿ ಕಾದು ಕೂತಿತ್ತು. 1991ರ ಅಭಿವೃದ್ಧಿ ನಿಯಮಾವಳಿ ಅದಕ್ಕೊಂದು ಲೆಕ್ಕ ಹಾಕಿತು. ಗಿರಣಿಯ ಜಾಗವನ್ನು ಮಾರುವುದಾದರೆ ಮೂರನೇ ಒಂದು ಭಾಗ ನಗರಪಾಲಿಕೆಗೆ ಉದ್ಯಾನ, ಮೈದಾನಕ್ಕಾಗಿ, ಇನ್ನೊಂದು ಭಾಗ ವಸತಿ ಮಂಡಳಿಗೆ ಸಾರ್ವಜನಿಕ ಮನೆಗಳಿಗಾಗಿ, ಉಳಿದದ್ದು ಮಾಲೀಕನಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಎಲ್ಲ ಗಿರಣಿಗಳ ನೆಲವನ್ನೂ ಒಂದೇ ನಕಾಶೆಯಲ್ಲಿಟ್ಟು ನೋಡಬೇಕು ಎಂದಿತು. ಮಿಶ್ರ ಭೂಬಳಕೆಯ ಯೋಜನೆ ನಮ್ಮ ದೇಶದಲ್ಲಿ ಅತ್ಯಂತ ನ್ಯಾಯವಾಗಿ ರೂಪುಗೊಳ್ಳಬಹುದಾಗಿದ್ದ ಗಳಿಗೆ ಅದು ಎಂದು ನನ್ನ ಎಣಿಕೆ.

2001ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಹಂಚಬೇಕಾದದ್ದು ಗಿರಣಿಯ ಇಡೀ ಜಾಗವನ್ನಲ್ಲ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಎಂದಾಯಿತು. ಗಿರಣಿ ಎಂದರೆ ಬಹುಪಾಲು ಕಟ್ಟಡವೇ. ಹೀಗಾಗಿ ಸಾರ್ವಜನಿಕರ ಮೂರನೇ ಎರಡು ಭಾಗ ಕರಗಿ ಅಂಗೈಯಗಲ ಉಳಿಯಿತು. ಮುಂಬೈ ಹೈಕೋರ್ಟ್ 2005ರಲ್ಲಿ ಇದನ್ನು ತಡೆಯಲು ನೋಡಿತು; 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಇವತ್ತು ಪರೇಲಿನ ಆಕಾಶದಲ್ಲಿ ಕಾಣುವ ಗೋಪುರಗಳ ಬುಡದಲ್ಲಿ ಆ ಒಂದು ವಾಕ್ಯವಿದೆ. ಬೆಂಗಳೂರಿನಲ್ಲಿ ಅಷ್ಟು ವಾದವೂ ನಡೆಯಲಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಮಾಲ್ ಇದೆ, ಬಿನ್ನಿ ಮಿಲ್ಲಿನ ನೆಲದಲ್ಲೂ ಮಾಲು ಮತ್ತು ಅಪಾರ್ಟ್‌ಮೆಂಟು.

ಮುಂಬೈ ಕತೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಅಲ್ಲಿ ಸೋಲು ಗೆಲುವು ನಿರ್ಧಾರವಾದದ್ದು ಯಾವುದನ್ನು ಅಳೆಯಬೇಕು ಎಂಬ ಸಣ್ಣ ಜಾಗದಲ್ಲಿ. ಮಂಡಕ್ಕಿ ಭಟ್ಟಿಯಲ್ಲೂ ಪ್ರಶ್ನೆ ಅದೇ, ಆದರೆ ತಿರುಗುಮುರುಗು. ಮುಂಬೈಯಲ್ಲಿ ಖಾಲಿ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರು. ಭಟ್ಟಿಯಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವುದೇ ಖಾಲಿ ಜಾಗ.

ಮಂಡಕ್ಕಿ ಮಾಡುವ ಕೆಲಸವನ್ನು ನೋಡಿದರೆ ಇದು ತಿಳಿಯುತ್ತದೆ. ಮೊದಲು ಭತ್ತವನ್ನು ನೀರಿನಲ್ಲಿ ನೆನೆಹಾಕಬೇಕು. ನೆನೆದದ್ದನ್ನು ಕಾಯಿಸಿ, ಬಿಸಿಲಿಗೆ ಹರವಿ ಒಣಗಿಸಬೇಕು. ಆಮೇಲೆ ಹೊಟ್ಟು ತೆಗೆಸಿ ಅಕ್ಕಿ ಮಾಡಿಸುವುದು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಹದಕ್ಕೆ ತಂದು, ಕಾದ ಮರಳಿನ ಬಾಣಲೆಗೆ ಸುರಿದರೆ ಕೆಲವೇ ಕ್ಷಣಗಳಲ್ಲಿ ಅರಳುತ್ತದೆ. ಜರಡಿ ಹಿಡಿದು ಮರಳು ಬೇರೆ ಮಾಡಿ ಚೀಲಕ್ಕೆ ತುಂಬುತ್ತಾರೆ. ನೋಡುಗರ ಕಣ್ಣು ಹೋಗುವುದು ಬೆಂಕಿಯ ಕಡೆ. ಆದರೆ ಕೆಲಸದ ಹೆಚ್ಚು ಹೊತ್ತು ಕಳೆಯುವುದು ಬಿಸಿಲಿನಲ್ಲಿ, ಒಣಹಾಕುವ ಕಣದಲ್ಲಿ. ಭತ್ತ ಹರವುವುದು, ಕಾಲಿನಿಂದ ಸಾಲು ಎಳೆಯುತ್ತ ತಿರುವುವುದು, ಮೋಡ ಕಂಡರೆ ಓಡಿ ಬಂದು ಗುಡ್ಡೆ ಮಾಡಿ ತಾಡಪಾಲು ಮುಚ್ಚುವುದು. ಇದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿ ಕಡೆಯ ಹೊಲಗಳನ್ನು ಗದ್ದೆ ಮಾಡಿದ ಮೇಲೆ ಈ ಕಣಗಳಿಗೆ ಭತ್ತದ ಬರ ಇರಲಿಲ್ಲ. (ನಾಲೆಯ ನೀರು ತಲುಪದ ಜಗಳೂರಿನವರು ಮಂಡಕ್ಕಿಯನ್ನು ತಿನ್ನುವುದರಲ್ಲಿ ಮಾತ್ರ ಪಾಲುದಾರರು.)

ನಗರ ಯೋಜನೆಯ ನಕಾಶೆಯಲ್ಲಿ ವಸತಿಗೆ ಹಳದಿ ಬಣ್ಣ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಮಿಶ್ರ ಬಳಕೆ ಎಂದರೆ ಇವುಗಳನ್ನು ಮಹಡಿ ಮೇಲೆ ಮಹಡಿಯಾಗಿ ಪೇರಿಸುವುದು: ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ. ಕಣವನ್ನು ಹೀಗೆ ಪೇರಿಸಲು ಬರುವುದಿಲ್ಲ. ಅದಕ್ಕೆ ಮೇಲೆ ಆಕಾಶ ಬೇಕು. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದರೆ ನೆರಳು ಬಿದ್ದು ಅರ್ಧ ದಿನದ ಬಿಸಿಲು ಹೋಯಿತು. ಅಳತೆಗೆ ಬಂದವರ ಕಣ್ಣಿಗೆ ಮಾತ್ರ ಅದು ಪಾಳು ನಿವೇಶನ.

ಹೊಗೆಯ ಮಾತನ್ನು ಮರೆಮಾಚಬೇಕಿಲ್ಲ. ಹೊಟ್ಟು, ಶೇಂಗಾ ಸಿಪ್ಪೆಯ ಜೊತೆ ಹಳೆಯ ಟೈರನ್ನೂ ಉರಿಸುತ್ತಾರೆಂಬ ದೂರು ಈ ಭಟ್ಟಿಗಳ ಮೇಲಿದೆ. ಓದುವ ವಯಸ್ಸಿನ ಮಕ್ಕಳನ್ನು ದುಡಿಸುವ ಆರೋಪವೂ ಇದೆ. ಕಾದ ಮರಳಿನ ಮುಂದೆ ದಿನವಿಡೀ ನಿಲ್ಲುವವನ ಎದೆಗೆ, ಕಣ್ಣಿಗೆ ಏನಾಗುತ್ತದೆಂದು ತಿಳಿಯಲು ವೈದ್ಯರೇ ಬೇಕಿಲ್ಲ. ಕೆಲವು ಸಂಶೋಧಕ ಮಿತ್ರರು ಇಂಥ ಕೇರಿಗಳ ಬಗ್ಗೆ ಬರೆಯುವಾಗ ಬಡತನವನ್ನೇ ಪರಂಪರೆ ಎಂದು ಹಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಭಟ್ಟಿ ಬದಲಾಗಲೇಬೇಕು. ಕಡಿಮೆ ಹೊಗೆಯ ಒಲೆ, ಎತ್ತರದ ಚಿಮಣಿ, ಚರಂಡಿ, ಶಾಲೆ ಎಲ್ಲವೂ ಬೇಕು.

ಊರ ಹೊರಗೆ ಸಾಗಿಸಿಬಿಡಿ ಎಂಬ ಸುಲಭದ ಪರಿಹಾರ ಮಾತ್ರ ಮಂಡಕ್ಕಿಯ ಸ್ವಭಾವಕ್ಕೆ ಹೊಂದುವುದಿಲ್ಲ. ಅದು ಹಗುರ, ಆದರೆ ಜಾಗ ತಿನ್ನುವ ಸರಕು. ಆಳೆತ್ತರದ ಚೀಲವನ್ನು ಹುಡುಗನೊಬ್ಬ ಸೈಕಲ್ಲಿಗೆ ಕಟ್ಟಿಕೊಂಡು ಹೋಗಬಲ್ಲ. ಅದನ್ನೇ ಹತ್ತಾರು ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ತಂದರೆ ಬಾಡಿಗೆ ಕೊಡುವುದು ಬಹುಪಾಲು ಗಾಳಿಗೆ. ಲಾಭದ ಅಂಚು ಪೈಸೆಗಳಲ್ಲಿರುವ ವ್ಯಾಪಾರಕ್ಕೆ ಪೇಟೆಯ ಸಾಮೀಪ್ಯವೇ ಬಂಡವಾಳ. ಮನೆಯ ಪಕ್ಕದಲ್ಲಿ ಕಣವಿರುವುದರಿಂದಲೇ ಎಷ್ಟೋ ತಾಯಂದಿರು ಮಗುವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಕೂಲಿ ಮಾಡುತ್ತಿರುವುದು.

ಇನ್ನೊಂದು ತೊಡಕು ದಾಖಲೆಯದು. ಗಿರಣಿ ಕಾರ್ಮಿಕನ ಬಳಿ ಹಾಜರಿ ಪುಸ್ತಕವಿತ್ತು, ಭವಿಷ್ಯನಿಧಿಯ ಸಂಖ್ಯೆಯಿತ್ತು, ಸಂಘದ ರಸೀತಿಯಿತ್ತು. ಅಷ್ಟಿದ್ದೂ ಡಿಸಿಎಂನ ನೆಲ ನಿವೇಶನವಾಗುವಾಗ ಅವನ ಮಾತಿಗೆ ತೂಕ ಬರಲಿಲ್ಲ. ಭಟ್ಟಿಯಲ್ಲಿ ದುಡಿಯುವವರ ಕೈಯಲ್ಲಿ ಇವು ಯಾವುವೂ ಇಲ್ಲ. ಪುನರಭಿವೃದ್ಧಿಯ ಕಾಗದದಲ್ಲಿ ಕಾಣಿಸಿಕೊಳ್ಳುವವರು ಜಾಗದ ಮಾಲೀಕ, ಒಲೆಯ ಮಾಲೀಕ, ಬಾಡಿಗೆದಾರ ಅಪರೂಪಕ್ಕೆ. ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವ ಹೆಂಗಸು ಯಾವ ಕಾಲಂನಲ್ಲಿ ಬರುತ್ತಾಳೆ? ಅವಳ ಹೆಸರನ್ನು, ಅವಳು ದಿನಕ್ಕೆ ಹರವುವ ಭತ್ತದ ಅಳತೆಯನ್ನು, ಅವಳ ಕಣದ ಉದ್ದಗಲವನ್ನು ಯಾರಾದರೂ ಬರೆದುಕೊಳ್ಳಬಹುದಾದ ಸಮಯ ಒಂದೇ, ನಕಾಶೆಗೆ ಬಣ್ಣ ಹಚ್ಚುವ ಮೊದಲು.

ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಪೇಟೆಯ ನಡುವಿನ ಅಷ್ಟು ದೊಡ್ಡ ನೆಲದ ಮೇಲೆ ಇನ್ನೊಂದು ಹೆಸರಿನ ಯೋಜನೆ ಬರದೆ ಇರುವುದಿಲ್ಲ. ಮುಂಗಾರಿನ ನಾಲ್ಕು ತಿಂಗಳು ಕಣಗಳಲ್ಲಿ ಭತ್ತ ಒಣಗುವುದು ಕಷ್ಟ. ಮೋಡ ಸರಿದ ದಿನಗಳಲ್ಲಷ್ಟೇ ಕೆಲಸ. ಅಳತೆ ಟೇಪು ಹಿಡಿದು ಹೋಗುವವರು ಆ ತಿಂಗಳುಗಳಲ್ಲಿ ಹೋದರೆ ಖಾಲಿ ಜಾಗವೇ ಕಾಣುತ್ತದೆ. ಮಾರ್ಚಿನಲ್ಲಿ, ಬೆಳಿಗ್ಗೆ ಹತ್ತರ ಬಿಸಿಲಿಗೆ ಹೋಗಬೇಕು. ಆಗ ಅಲ್ಲಿ ಕಾಲಿಡಲು ತೆರಪಿರುವುದಿಲ್ಲ.