ಸಾಲ ತೀರಿದ ಕಾರು: ಇಟ್ಟುಕೊಳ್ಳುವುದೇ, ಬದಲಿಸುವುದೇ?

ಕೊನೆಯ ಕಂತು ಕಡಿತವಾದ ಸಂದೇಶ ಮೊಬೈಲ್‌ಗೆ ಬಂದ ದಿನ ಮನೆಯಲ್ಲೊಂದು ನಿರಾಳ ಭಾವ ಮೂಡುತ್ತದೆ. ಐದು ಅಥವಾ ಏಳು ವರ್ಷಗಳ ಕಾಲ ಪ್ರತಿ ತಿಂಗಳೂ ಸಂಬಳದ ಒಂದು ಪಾಲನ್ನು ಕೊಂಡೊಯ್ಯುತ್ತಿದ್ದ ಸಾಲ ಅಂತೂ ತೀರಿತು. ಆದರೆ ಈ ನೆಮ್ಮದಿಗೆ ಆಯುಷ್ಯ ಕಡಿಮೆ. ಕೆಲವೇ ದಿನಗಳಲ್ಲಿ ಷೋರೂಮಿನಿಂದ ಕರೆ ಬರುತ್ತದೆ. ಹಳೆಯ ಕಾರಿಗೆ ಒಳ್ಳೆಯ ಬೆಲೆ, ಜೊತೆಗೆ ವಿನಿಮಯ ಬೋನಸ್, ಇದುವರೆಗೆ ಕಟ್ಟುತ್ತಿದ್ದಷ್ಟೇ ಕಂತು, ಮನೆ ಬಾಗಿಲಿಗೆ ಹೊಸ ಕಾರು!

ಇಲ್ಲಿ ಒಂದು ಅಂಶವನ್ನು ಮರೆಯಲಾಗದು. ಸಾಲದ ಅವಧಿ ಬ್ಯಾಂಕು ಮತ್ತು ಗ್ರಾಹಕ ಸೇರಿ ಗೊತ್ತು ಮಾಡಿಕೊಂಡದ್ದು. ಕಾರಿನ ಆಯುಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಐದು ವರ್ಷದ ಸಾಲ ಮುಗಿಸಿದ ಕಾರಿಗೆ ನೋಂದಣಿಯ ಲೆಕ್ಕದಲ್ಲಿ ಇನ್ನೂ ಹತ್ತು ವರ್ಷ ಉಳಿದಿರುತ್ತದೆ. ಕಂತು ಮುಗಿಯಿತೆಂಬ ಒಂದೇ ಕಾರಣಕ್ಕೆ ಕಾರು ಬದಲಿಸುವುದು, ಬಾಡಿಗೆಯಿಲ್ಲದೆ ವಾಸಿಸುವ ಕಾಲ ಬಂದಾಗಲೇ ಮನೆ ಬಿಟ್ಟು ಹೊರಟಂತೆ.

ಹಾಗೆಂದು ಎಲ್ಲರೂ ಹಳೆಯ ಕಾರನ್ನೇ ಇಟ್ಟುಕೊಳ್ಳಬೇಕೆಂದಲ್ಲ. ಬದಲಿಸಲು ನ್ಯಾಯವಾದ ಕಾರಣಗಳೂ ಇವೆ. ಯಾವ ನಿರ್ಧಾರಕ್ಕೆ ಬರುವ ಮುನ್ನವೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ದಾಖಲೆ ಬಿಡಿಸಿಕೊಳ್ಳಿ

ಸಾಲ ತೀರಿದರೂ ಕಾರು ತಾನಾಗಿಯೇ ಪೂರ್ತಿ ನಿಮ್ಮದಾಗುವುದಿಲ್ಲ. ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಸಾಲ ಕೊಟ್ಟ ಸಂಸ್ಥೆಯ ಹೆಸರು ಹೈಪಾಥಿಕೇಶನ್ ಎಂಬ ಷರಾದಡಿ ಉಳಿದೇ ಇರುತ್ತದೆ. ಅದನ್ನು ತೆಗೆಸುವ ಕೆಲಸವನ್ನು ಅನೇಕರು ವರ್ಷಗಟ್ಟಲೆ ಮುಂದೂಡುತ್ತಾರೆ. ತೊಂದರೆ ಎದುರಾಗುವುದು ಕಾರು ಮಾರುವ ದಿನ, ಇಲ್ಲವೇ ಕಾರು ಕಳವಾದ ಅಥವಾ ಅಪಘಾತದಲ್ಲಿ ಪೂರ್ತಿ ಜಖಂಗೊಂಡ ದಿನ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇರುವವರೆಗೆ ವಿಮಾ ಸಂಸ್ಥೆ ಪರಿಹಾರದ ಹಣವನ್ನು ನೇರವಾಗಿ ಮಾಲೀಕರಿಗೆ ಕೊಡದೆ ಬ್ಯಾಂಕಿನ ಪತ್ರ ಕೇಳುತ್ತದೆ. ಎಂದೋ ತೀರಿದ ಸಾಲಕ್ಕಾಗಿ ಆಗ ಶಾಖೆಯಿಂದ ಶಾಖೆಗೆ ಅಲೆಯಬೇಕಾಗುತ್ತದೆ.

ಇದನ್ನು ತಪ್ಪಿಸಲು ಅನುಸರಿಸಬೇಕಾದ ಕ್ರಮ ಹೀಗಿದೆ:

* ಸಾಲ ಮುಕ್ತಾಯದ ಪತ್ರ ಹಾಗೂ ನಿರಾಕ್ಷೇಪಣಾ ಪತ್ರವನ್ನು (ಎನ್‌ಒಸಿ) ಬ್ಯಾಂಕಿನಿಂದ ಪಡೆಯಿರಿ. ಎನ್‌ಒಸಿಗೆ ಸಾಮಾನ್ಯವಾಗಿ ಸೀಮಿತ ಅವಧಿ ಇರುತ್ತದೆ. ಆ ದಿನಾಂಕವನ್ನು ಗಮನಿಸಿ.
* ಮಾಲೀಕರು ಮತ್ತು ಬ್ಯಾಂಕು ಇಬ್ಬರೂ ಸಹಿ ಮಾಡಿದ ನಮೂನೆ 35ನ್ನು ಕಾರು ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಗೆ ಸಲ್ಲಿಸಿ. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು.
* ಷರಾ ತೆಗೆದ ಹೊಸ ಆರ್‌ಸಿ ಕೈಸೇರಿದ ಮೇಲೆ ಅದರ ಪ್ರತಿಯನ್ನು ವಿಮಾ ಸಂಸ್ಥೆಗೆ ಕೊಟ್ಟು, ಪಾಲಿಸಿಯಲ್ಲಿಯೂ ಬ್ಯಾಂಕಿನ ಹೆಸರು ತೆಗೆಸಿ.
* ಖಾತೆಯಿಂದ ಕಂತು ಕಡಿತಕ್ಕೆ ಕೊಟ್ಟಿದ್ದ ಅನುಮತಿಯನ್ನು ರದ್ದುಪಡಿಸಿ. ಎರಡು ತಿಂಗಳ ನಂತರ ಸಾಲದ ಇತಿಹಾಸದ ವರದಿಯಲ್ಲಿ ಈ ಸಾಲ ಮುಕ್ತಾಯಗೊಂಡಿದೆಯೆಂದು ದಾಖಲಾಗಿದೆಯೇ ನೋಡಿ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನ ಈ ವಿಷಯದಲ್ಲಿ ಗ್ರಾಹಕರ ನೆರವಿಗಿದೆ. ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಸಂಸ್ಥೆಯು ಮೂಲ ದಾಖಲೆಗಳನ್ನು ಮರಳಿಸಬೇಕು ಮತ್ತು ನೋಂದಾಯಿತ ಹೊರೆಯನ್ನು ತೆಗೆಸಬೇಕು. ಸಂಸ್ಥೆಯ ಕಾರಣದಿಂದಲೇ ವಿಳಂಬವಾದರೆ ದಿನಕ್ಕೆ 5,000 ರೂ. ಪರಿಹಾರ ತೆರಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ.

ಕಂತಿನ ಹಿಂದಿರುವ ಲೆಕ್ಕ

ಒಂದು ಉದಾಹರಣೆ ನೋಡೋಣ. 8 ಲಕ್ಷ ರೂ. ಸಾಲ, ವಾರ್ಷಿಕ ಶೇ 9 ಬಡ್ಡಿ, ಐದು ವರ್ಷದ ಅವಧಿ. ತಿಂಗಳ ಕಂತು ಸುಮಾರು 16,600 ರೂ. ಅವಧಿ ಮುಗಿಯುವಾಗ ಬಡ್ಡಿಯಾಗಿ ಕಟ್ಟಿದ ಹಣ ಸುಮಾರು 1.96 ಲಕ್ಷ ರೂ.

ಇದೇ ಸಾಲವನ್ನು ಏಳು ವರ್ಷಕ್ಕೆ ಹಿಗ್ಗಿಸಿದರೆ ಕಂತು ಸುಮಾರು 12,870 ರೂ.ಗೆ ಇಳಿಯುತ್ತದೆ. ಆದರೆ ಬಡ್ಡಿ ಸುಮಾರು 2.81 ಲಕ್ಷಕ್ಕೆ ಏರುತ್ತದೆ. ಈಗಿನಷ್ಟೇ ಕಂತಿನಲ್ಲಿ ದೊಡ್ಡ ಕಾರು ಎಂಬ ಕೊಡುಗೆಯ ಗುಟ್ಟು ಬಹಳಷ್ಟು ಸಲ ಅಡಗಿರುವುದು ಇಲ್ಲಿಯೇ. ಕಂತಿನ ಮೊತ್ತ ಬದಲಾಗುವುದಿಲ್ಲ, ಕಟ್ಟುವ ವರ್ಷಗಳು ಹೆಚ್ಚುತ್ತವೆ.

ಈಗ ಇನ್ನೊಂದು ದಾರಿ. ಸಾಲ ತೀರಿದ ಕಾರನ್ನು ಇನ್ನೂ ಮೂರು ವರ್ಷ ಇಟ್ಟುಕೊಂಡು, ಅದೇ 16,600 ರೂ.ಗಳನ್ನು ಪ್ರತಿ ತಿಂಗಳೂ ತನ್ನದೇ ಬೇರೊಂದು ಖಾತೆಗೆ ಹಾಕುತ್ತ ಬಂದರೆ? ಅದರಲ್ಲಿ 5,000 ರೂ.ಗಳನ್ನು ರಿಪೇರಿಗೆಂದು ತೆಗೆದಿರಿಸಿದರೂ ಉಳಿದ 11,600 ರೂ. ಮೂರು ವರ್ಷದಲ್ಲಿ 4.17 ಲಕ್ಷ ರೂ. ಆಗುತ್ತದೆ, ಬಡ್ಡಿ ಬೇರೆ. ಆಗ 8 ಲಕ್ಷದ ಬದಲು 3.83 ಲಕ್ಷ ಸಾಲ ಸಾಕು, ಕಂತು 8,000 ರೂ.ಗಿಂತ ಕಡಿಮೆ.

ಈ ಮೂರು ವರ್ಷಗಳಲ್ಲಿ ಹಳೆಯ ಕಾರಿನ ಬೆಲೆ ಇಳಿಯುವುದು, ಹೊಸದರ ಬೆಲೆ ಏರಬಹುದೆಂಬುದು ನಿಜ. ಎರಡನ್ನೂ ಸೇರಿಸಿ 2 ಲಕ್ಷ ರೂ. ನಷ್ಟವೆಂದು ಹಿಡಿದರೂ ಕೈಯಲ್ಲಿ 2 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಈ ಲೆಕ್ಕ ಫಲಿಸಬೇಕಾದರೆ ಹಣವನ್ನು ನಿಜವಾಗಿಯೂ ಪ್ರತ್ಯೇಕ ಇಡಬೇಕು. ಕಂತು ನಿಂತ ಮರುತಿಂಗಳೇ ಆ ಮೊತ್ತ ಮನೆಖರ್ಚಿನಲ್ಲಿ ಕರಗಿಹೋದರೆ ಕಾರು ಇಟ್ಟುಕೊಂಡದ್ದರ ಅರ್ಧ ಲಾಭ ಕೈತಪ್ಪಿತೆಂದೇ ಅರ್ಥ.

ಕರ್ನಾಟಕದಲ್ಲಿ ತೆರಿಗೆಯ ಭಾರ

ಷೋರೂಮಿನ ಮಾತುಕತೆಯಲ್ಲಿ ಕೊನೆಗೆ ಕಾಣಿಸಿಕೊಳ್ಳುವ, ಆದರೆ ನಿರ್ಧಾರದಲ್ಲಿ ಮೊದಲು ಬರಬೇಕಾದ ಬಾಬತ್ತು ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಬೆಲೆಗನುಗುಣವಾಗಿ ಶೇ 13ರಿಂದ ಶೇ 18ರವರೆಗೆ ಈ ತೆರಿಗೆ ಇದೆ. 5ರಿಂದ 10 ಲಕ್ಷ ರೂ. ಬೆಲೆಯ ಕಾರಿಗೆ ಶೇ 14, 10ರಿಂದ 20 ಲಕ್ಷದ ಕಾರಿಗೆ ಶೇ 17. ಇದರ ಮೇಲೆ ಸೆಸ್ ಪ್ರತ್ಯೇಕ. ದೇಶದಲ್ಲಿಯೇ ಅತಿ ಹೆಚ್ಚಿನ ದರಗಳಲ್ಲಿ ಇದೂ ಒಂದು.

9 ಲಕ್ಷ ರೂ. ಬೆಲೆಯ ಹೊಸ ಕಾರಿಗೆ ಸೆಸ್ ಬಿಟ್ಟು 1.26 ಲಕ್ಷ ರೂ. ತೆರಿಗೆ. ಹಳೆಯ ಕಾರಿಗೆ ಕಟ್ಟಿದ ತೆರಿಗೆ ಆ ಕಾರಿನೊಂದಿಗೇ ಹೋಗುತ್ತದೆ, ಹೊಸದಕ್ಕೆ ವರ್ಗವಾಗುವುದಿಲ್ಲ. ಇನ್ನು ಸವಕಳಿ. ಕಾರಿನ ವಿಮಾ ಮೌಲ್ಯ ನಿಗದಿಗೆ ಬಳಸುವ ಪಟ್ಟಿಯಂತೆ ಆರು ತಿಂಗಳು ದಾಟಿದ ಕಾರಿನ ಮೌಲ್ಯ ಶೇ 15 ಇಳಿಯುತ್ತದೆ. ಒಂದು ವರ್ಷ ದಾಟಿದರೆ ಶೇ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ಅಂದರೆ 9 ಲಕ್ಷದ ಕಾರು ಮೊದಲ ವರ್ಷವೇ 1.35 ಲಕ್ಷ ರೂ. ಮೌಲ್ಯ ಕಳೆದುಕೊಂಡಂತೆ. ತೆರಿಗೆಯನ್ನು ಕೂಡಿಸಿದರೆ 2.61 ಲಕ್ಷ ರೂ.

ಹಳೆಯ ಕಾರಿನ ರಿಪೇರಿಯ ಬಿಲ್ ನೋಡಿ ಬೇಸತ್ತವರು ಅದನ್ನು ಹೋಲಿಸಬೇಕಾದುದು ಈ ಅಂಕಿಯೊಂದಿಗೆ. 40,000 ರೂ. ಬಿಲ್ ದೊಡ್ಡದೆನಿಸಬಹುದು. ಆದರೆ ಅದು ಮೇಲಿನ ಮೊತ್ತದ ಆರನೇ ಒಂದು ಭಾಗಕ್ಕಿಂತ ಕಡಿಮೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದದ್ದು ಕೊಳ್ಳುವವರಿಗೆ ಅನುಕೂಲವಾಯಿತು. ಆದರೆ ಹೊಸ ಕಾರಿನ ಬೆಲೆ ಇಳಿದಾಗ ಹಳೆಯದಕ್ಕೆ ಸಿಗುವ ಬೆಲೆಯೂ ಜೊತೆಯಲ್ಲೇ ಇಳಿಯುತ್ತದೆ ಎಂಬುದನ್ನು ಮಾರುವವರು ನೆನಪಿಡಬೇಕು.

ಇಟ್ಟುಕೊಂಡರೆ ಎದುರಾಗುವ ಖರ್ಚು

ಐದರಿಂದ ಎಂಟು ವರ್ಷದ ನಡುವಿನ ಕಾರಿಗೆ ಕೆಲವು ಖರ್ಚುಗಳು ನಿಶ್ಚಿತ. ಬ್ಯಾಟರಿ, ಟೈರುಗಳು, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ನಿನ ಬುಷ್‌ಗಳು ಸರದಿಯಂತೆ ಬದಲಾಗಬೇಕು. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಓಡಿದ ಕಾರಿನ ಕ್ಲಚ್ ಹೆದ್ದಾರಿಯಲ್ಲಿ ಓಡಿದ ಕಾರಿನದಕ್ಕಿಂತ ಬೇಗ ಸವೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಮತ್ತು ಮಲೆನಾಡಿನ ಮಳೆಯಲ್ಲಿ ಎಂಜಿನ್‌ಗಿಂತ ಮೊದಲು ಪರೀಕ್ಷಿಸಬೇಕಾದುದು ತಳಭಾಗದ ತುಕ್ಕನ್ನು. ಎಂಜಿನ್ ರಿಪೇರಿ ಸಾಧ್ಯ. ತುಕ್ಕು ಹಿಡಿದ ಚೌಕಟ್ಟು ಮೊದಲಿನಂತಾಗುವುದು ಕಷ್ಟ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ. ನಗರದೊಳಗೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಇದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಪೆಟ್ರೋಲ್ ಕಾರುಗಳ ವಿಷಯದಲ್ಲಿ, ಶೇ 20 ಎಥೆನಾಲ್ ಬೆರೆತ ಇಂಧನಕ್ಕೆ ತಕ್ಕ ಬಿಡಿಭಾಗಗಳು ಬಂದದ್ದು 2023ರ ಏಪ್ರಿಲ್ ನಂತರದ ಕಾರುಗಳಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಮೈಲೇಜ್ ತುಸು ಕಡಿಮೆಯಾಗಬಹುದು. ಸರ್ವೀಸ್ ಸಮಯದಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನು ಪರೀಕ್ಷಿಸಲು ಹೇಳುವುದು ಒಳಿತು.

ಮಾರಾಟಗಾರರ ಮಾತಿಗಿಂತ ನಂಬಲರ್ಹವಾದದ್ದು, ನಿಮಗೆ ಹೊಸ ಕಾರು ಮಾರುವ ಆಸಕ್ತಿಯಿಲ್ಲದ ಮೆಕ್ಯಾನಿಕ್‌ನ ತಪಾಸಣೆ. ಮುಂದಿನ ಎರಡು ವರ್ಷಗಳಲ್ಲಿ ಬರಬಹುದಾದ ಕೆಲಸಗಳ ಪಟ್ಟಿಯನ್ನು ಅಂದಾಜು ವೆಚ್ಚದೊಂದಿಗೆ ಬರೆಸಿಕೊಳ್ಳಿ.

ಬದಲಿಸುವುದೇ ಸರಿ ಎನ್ನುವ ಸಂದರ್ಭ

ಮೊದಲನೆಯದು ಸುರಕ್ಷತೆ. ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಆ ವರ್ಷದ ಜುಲೈನಿಂದ. ಮುಂದಿನ ಆಸನದ ಪ್ರಯಾಣಿಕರ ಏರ್‌ಬ್ಯಾಗ್ ಹಳೆಯ ಮಾದರಿಗಳಿಗೂ ಕಡ್ಡಾಯವಾದದ್ದು 2022ರ ಆರಂಭದಿಂದ. ಅದಕ್ಕೂ ಮೊದಲು ಕೊಂಡ ಕಡಿಮೆ ಬೆಲೆಯ ಆವೃತ್ತಿಗಳಲ್ಲಿ ಇವುಗಳಲ್ಲಿ ಒಂದಾದರೂ ಇಲ್ಲದಿರಬಹುದು. ವಾರಕ್ಕೊಮ್ಮೆ ಕುಟುಂಬದೊಂದಿಗೆ ಹೆದ್ದಾರಿಯಲ್ಲಿ ಪ್ರಯಾಣಿಸುವವರಿಗೆ ಕಾರು ಬದಲಿಸಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ. ಇಲ್ಲಿ ಮೇಲಿನ ಲೆಕ್ಕಾಚಾರವನ್ನು ಬದಿಗಿಡುವುದೇ ವಿವೇಕ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಸಿಎಪಿ ಪರೀಕ್ಷೆಯ ತಾರಾ ಶ್ರೇಣಿ ಹಲವು ಮಾದರಿಗಳಿಗೆ ಲಭ್ಯವಿದ್ದು, ಹೊಸದನ್ನು ಆರಿಸುವಾಗ ಅದನ್ನು ನೋಡಬಹುದು.

ಎರಡನೆಯದು ಅಗತ್ಯದ ಬದಲಾವಣೆ. ಮಕ್ಕಳು ಬೆಳೆದಿರುತ್ತಾರೆ, ವಯಸ್ಸಾದ ತಂದೆ ತಾಯಿಗೆ ತಗ್ಗಿನ ಆಸನದಿಂದ ಏಳುವುದು ಕಷ್ಟವಾಗಿರುತ್ತದೆ. ಮೂರನೆಯದು, ವರ್ಷದ ರಿಪೇರಿ ವೆಚ್ಚ ಕಾರಿನ ಮಾರಾಟ ಬೆಲೆಯ ಅರ್ಧವನ್ನು ಸಮೀಪಿಸುವುದು, ಇಲ್ಲವೇ ದಾರಿಯಲ್ಲಿ ಕೈಕೊಡುವುದೇ ಅಭ್ಯಾಸವಾಗುವುದು. ರಾತ್ರಿ ಪಾಳಿಯ ಕೆಲಸ ಮುಗಿಸಿ ಮರಳುವವರಿಗೆ ಕಾರಿನ ಮೇಲಿನ ನಂಬಿಕೆಗೂ ಬೆಲೆಯಿದೆ.

ಮಾರುವಾಗ ಇರಲಿ ಎಚ್ಚರ

ಷೋರೂಮಿನ ವಿನಿಮಯ ಬೆಲೆ ಒಂದನ್ನೇ ನೆಚ್ಚಬೇಡಿ. ಬಳಸಿದ ಕಾರು ಮಾರುವ ಎರಡು ಮೂರು ಸಂಸ್ಥೆಗಳಲ್ಲಿ ವಿಚಾರಿಸಿ. ಹೊಸ ಕಾರಿನ ರಿಯಾಯಿತಿ ಮತ್ತು ಹಳೆಯದರ ಬೆಲೆಯನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎರಡನ್ನೂ ಕಲಸಿ ಹೇಳಿದಾಗ ಯಾವುದರಲ್ಲಿ ಕಳೆದುಕೊಂಡೆವೆಂದು ತಿಳಿಯುವುದಿಲ್ಲ.

ಹಣ ಪಡೆದು ಕೀ ಕೊಟ್ಟೊಡನೆ ಜವಾಬ್ದಾರಿ ಮುಗಿಯದು. ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಕಾರು ಮಾರಿದ ಮೇಲೆ ನಡೆದ ಅಪಘಾತದ ಪರಿಹಾರಕ್ಕೂ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ನಮೂನೆ 29 ಮತ್ತು 30ರ ಕೆಲಸವನ್ನು ಕೊಳ್ಳುವವರ ಭರವಸೆಗೆ ಬಿಟ್ಟು ಸುಮ್ಮನಾಗಬಾರದು. ನೋಂದಾಯಿತ ಡೀಲರ್‌ಗೆ ಮಾರುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ವಾಹನ ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ಸಾರಿಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಮುಂದೆ ಡೀಲರ್‌ನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ.

ವಿಮೆಯಲ್ಲಿ ಕ್ಲೇಮ್ ಮಾಡದೆ ಗಳಿಸಿದ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಸತತ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಇದು ಸ್ವಂತ ಹಾನಿ ವಿಮೆಯ ಕಂತಿನಲ್ಲಿ ಶೇ 50ರಷ್ಟು ರಿಯಾಯಿತಿ. ಹಳೆಯ ಕಾರು ಮಾರುವಾಗ ವಿಮಾ ಸಂಸ್ಥೆಯಿಂದ ಪತ್ರ ಪಡೆದು ಹೊಸ ಕಾರಿನ ಪಾಲಿಸಿಗೆ ಇದನ್ನು ವರ್ಗಾಯಿಸಿಕೊಳ್ಳಬಹುದು.

ದೆಹಲಿಯ ನಿಯಮ ಇಲ್ಲಿಗಲ್ಲ

ಹತ್ತು ವರ್ಷದ ಡೀಸೆಲ್ ಕಾರು, ಹದಿನೈದು ವರ್ಷದ ಪೆಟ್ರೋಲ್ ಕಾರು ರಸ್ತೆಗಿಳಿಯುವಂತಿಲ್ಲ ಎಂಬ ಮಾತು ಕೇಳಿ ಅವಸರದಲ್ಲಿ ಮಾರುವವರಿದ್ದಾರೆ. ಆ ನಿರ್ಬಂಧ ಹುಟ್ಟಿದ್ದು ದೆಹಲಿ ರಾಜಧಾನಿ ಪ್ರದೇಶಕ್ಕಾಗಿ, ಕರ್ನಾಟಕಕ್ಕಲ್ಲ. ಇಲ್ಲಿ 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಯಲ್ಲಿ ಅರ್ಹವೆನಿಸಿದರೆ ಐದು ವರ್ಷಕ್ಕೆ ನೋಂದಣಿ ನವೀಕರಣ ಸಾಧ್ಯ. ಆದರೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ರೂ. ಆಯಿತು. ಹಳೆಯ ಕಾರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲ, ದುಬಾರಿಯಾಗುತ್ತ ಹೋಗುತ್ತದೆ ಅಷ್ಟೇ.

ಒಟ್ಟಿನಲ್ಲಿ, ಸಾಲ ತೀರಿದ ತಿಂಗಳು ಕಾರಿನ ಬಗ್ಗೆ ತೀರ್ಮಾನ ಮಾಡಬೇಕಾದ ತಿಂಗಳೇನಲ್ಲ. ದಾಖಲೆ ಬಿಡಿಸಿಕೊಳ್ಳಬೇಕಾದ ತಿಂಗಳು. ಷೋರೂಮಿನ ಕೊಡುಗೆ ಇಂದು ಸಂಜೆಗೇ ಮುಗಿಯುತ್ತದೆಂದು ಹೇಳಿದರೂ ಮುಂದಿನ ಹಬ್ಬಕ್ಕೆ ಮತ್ತೊಂದು ಬರುತ್ತದೆ. ಸುರಕ್ಷಿತವಾಗಿರುವ, ಮನೆಗೆ ಸಾಲುವ, ಮೆಕ್ಯಾನಿಕ್ ಒಪ್ಪಿದ ಕಾರು ಕೈಯಲ್ಲಿದ್ದರೆ ಕಂತಿಲ್ಲದ ಆ ವರ್ಷಗಳನ್ನು ಅನುಭವಿಸುವ ಹಕ್ಕು ಅದರ ಬೆಲೆಯನ್ನು ಬಡ್ಡಿ ಸಮೇತ ತೆತ್ತವರಿಗೆ ಇದೆ.