ಸುಡಾನಿ ಫ್ರಮ್ ನೈಜೀರಿಯಾ

'ಸುಡಾನಿ ಫ್ರಮ್ ನೈಜೀರಿಯಾ' 2018ರ ಮಾರ್ಚ್ 23ರಂದು ತೆರೆಕಂಡ ಮಲಯಾಳಂ ಭಾಷೆಯ ಹಾಸ್ಯಪ್ರಧಾನ ಚಲನಚಿತ್ರ. ಕೇರಳದ ಮಲಪ್ಪುರಂ ಜಿಲ್ಲೆಯ ಸ್ಥಳೀಯ ಫುಟ್‌ಬಾಲ್ ಕ್ಲಬ್ಬೊಂದರ ವ್ಯವಸ್ಥಾಪಕ ಹಾಗೂ ಅವನ ತಂಡದಲ್ಲಿ ಕೂಲಿಗೆ ಆಡಲು ಬಂದ ನೈಜೀರಿಯಾದ ಆಟಗಾರ, ಇವರಿಬ್ಬರ ನಡುವೆ ಬೆಳೆಯುವ ಸ್ನೇಹವೇ ಇದರ ವಸ್ತು. ಜಕರಿಯಾ ಮೊಹಮ್ಮದ್ ನಿರ್ದೇಶಿಸಿದ ಮೊದಲ ಚಿತ್ರ ಇದು. ಚಿತ್ರಕಥೆಯನ್ನು ಜಕರಿಯಾ ಮತ್ತು ಮುಹ್ಸಿನ್ ಪರಾರಿ ಜೊತೆಯಾಗಿ ರಚಿಸಿದ್ದಾರೆ. ಸಮೀರ್ ತಾಹಿರ್ ಮತ್ತು ಶೈಜು ಖಾಲಿದ್ ನಿರ್ಮಾಪಕರು. ಸೌಬಿನ್ ಶಾಹಿರ್ ಮತ್ತು ನೈಜೀರಿಯಾದ ನಟ ಸ್ಯಾಮ್ಯುಯೆಲ್ ಅಬಿಯೋಲಾ ರಾಬಿನ್ಸನ್ ಮುಖ್ಯ ಪಾತ್ರಗಳಲ್ಲಿದ್ದಾರೆ. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಮಲಯಾಳಂ ಚಿತ್ರವೆಂಬ ಮನ್ನಣೆ ಪಡೆಯಿತು.

ಶೀರ್ಷಿಕೆಯ ಅರ್ಥ

ಚಿತ್ರದ ಹೆಸರಿನಲ್ಲೇ ಒಂದು ವಿರೋಧಾಭಾಸವಿದೆ. ಸುಡಾನ್ ಆಫ್ರಿಕಾ ಖಂಡದ ಈಶಾನ್ಯ ಭಾಗದಲ್ಲಿದೆ, ಅದರ ರಾಜಧಾನಿ ಖಾರ್ಟೂಮ್. ನೈಜೀರಿಯಾ ಪಶ್ಚಿಮ ಆಫ್ರಿಕಾದ ದೇಶ, ರಾಜಧಾನಿ ಅಬುಜಾ. ಎರಡಕ್ಕೂ ಸಮಾನ ಗಡಿಯೇ ಇಲ್ಲ. ಹೀಗಿರುವಾಗ 'ನೈಜೀರಿಯಾದಿಂದ ಬಂದ ಸುಡಾನಿ' ಎಂದರೇನು ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಮಲಪ್ಪುರಂ ಸೀಮೆಯಲ್ಲಿ ಫುಟ್‌ಬಾಲ್ ಆಡಲು ಬರುವ ಆಫ್ರಿಕಾದ ಆಟಗಾರರು ಯಾವ ದೇಶದವರೇ ಆಗಿರಲಿ, ಜನರು ಅವರನ್ನು 'ಸುಡಾನಿ' ಎಂದೇ ಕರೆಯುತ್ತಾರೆ. ಚಿತ್ರದಲ್ಲಿಯೂ ಸ್ಯಾಮ್ಯುಯೆಲ್ ತಾನು ನೈಜೀರಿಯಾದವನೆಂದು ಹೇಳಿದರೂ ಊರವರ ಬಾಯಲ್ಲಿ ಸುಡಾನಿಯಾಗಿಯೇ ಉಳಿಯುತ್ತಾನೆ. ಸಲುಗೆ ಬೆಳೆದಂತೆ ಅದು 'ಸುಡು' ಎಂದು ಕಿರಿದಾಗುತ್ತದೆ. ಮುಗ್ಧತೆಯೂ ಅಜ್ಞಾನವೂ ಬೆರೆತ ಈ ರೂಢಿಯನ್ನು ಚಿತ್ರವು ಖಂಡಿಸಲು ಹೋಗುವುದಿಲ್ಲ, ನಗುತ್ತಲೇ ತೋರಿಸುತ್ತದೆ.

ಹಿನ್ನೆಲೆ: ಸೆವೆನ್ಸ್ ಫುಟ್‌ಬಾಲ್

ಚಿತ್ರವನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು 'ಸೆವೆನ್ಸ್' ಎಂಬ ಆಟದ ಪರಿಚಯ ಅಗತ್ಯ. ಹನ್ನೊಂದು ಮಂದಿಯ ಬದಲು ಪ್ರತಿ ತಂಡದಲ್ಲಿ ಏಳು ಮಂದಿ ಮಾತ್ರ ಆಡುವ ಈ ಬಗೆಯ ಫುಟ್‌ಬಾಲ್ ಉತ್ತರ ಕೇರಳದಲ್ಲಿ, ಅದರಲ್ಲೂ ಮಲಪ್ಪುರಂ ಜಿಲ್ಲೆಯಲ್ಲಿ, ಅತ್ಯಂತ ಜನಪ್ರಿಯ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಕಡೆಗೂ ಇದರ ಅಭಿಮಾನಿಗಳಿದ್ದಾರೆ. ಮೈದಾನ ಚಿಕ್ಕದು, ಆದ್ದರಿಂದ ಆಟದ ವೇಗ ಹೆಚ್ಚು. ಮಳೆಗಾಲ ಮುಗಿದು ಗದ್ದೆಗಳು ಒಣಗಿದ ಮೇಲೆ ಪಂದ್ಯಾವಳಿಗಳ ಋತು ಆರಂಭವಾಗಿ ಮುಂದಿನ ಮಳೆಯವರೆಗೂ ನಡೆಯುತ್ತದೆ. ಮರದ ಕಂಬ, ಹಲಗೆಗಳಿಂದ ತಾತ್ಕಾಲಿಕ ಗ್ಯಾಲರಿ ಕಟ್ಟಿ, ಹೊನಲು ಬೆಳಕಿನಲ್ಲಿ ರಾತ್ರಿ ಪಂದ್ಯ ಆಡಿಸುತ್ತಾರೆ. ನಮ್ಮಲ್ಲಿ ಯಕ್ಷಗಾನದ ಬಯಲಾಟಕ್ಕೆ ಊರಿಗೆ ಊರೇ ನೆರೆಯುವಂತೆ ಅಲ್ಲಿ ಸೆವೆನ್ಸ್ ಆಟಕ್ಕೆ ಜನ ನೆರೆಯುತ್ತಾರೆ.

ಮಲಪ್ಪುರಂನಲ್ಲಿ ಫುಟ್‌ಬಾಲ್ ಬೇರೂರಿದ್ದು ಬ್ರಿಟಿಷರ ಕಾಲದಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ಸೇನೆಯ ತುಕಡಿಗಳೂ, ಬಳಿಕ ಅಲ್ಲಿಯೇ ನೆಲೆಗೊಂಡ ಮಲಬಾರ್ ವಿಶೇಷ ಪೊಲೀಸ್ ಪಡೆಯೂ ಈ ಆಟವನ್ನು ಬೆಳೆಸಿದವು. ಸೆವೆನ್ಸ್ ಆಟಕ್ಕೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಅಧಿಕೃತ ಮಾನ್ಯತೆ ಇಲ್ಲ. ಆದರೂ ಟಿಕೆಟ್ ಹಣ ಮತ್ತು ಊರವರ ದೇಣಿಗೆಯ ಬಲದಿಂದ ಕ್ಲಬ್ಬುಗಳು ಬದುಕಿವೆ. ಪ್ರೇಕ್ಷಕರನ್ನು ಸೆಳೆಯಲು ಅವು ಆಫ್ರಿಕಾದ ದೇಶಗಳಿಂದ ಆಟಗಾರರನ್ನು ಕರೆಸುತ್ತವೆ. ಒಂದು ಋತುವಿನಲ್ಲಿ ಆಡಿ, ಗಳಿಸಿದ್ದನ್ನು ಮನೆಗೆ ಕಳುಹಿಸುವ ಈ ಆಟಗಾರರಿಗೆ ಕಾಲೇ ಬಂಡವಾಳ. ಆ ಕಾಲಿಗೆ ಪೆಟ್ಟಾದರೆ ಏನು ಗತಿ ಎಂಬುದೇ ಚಿತ್ರದ ಕಥೆಗೆ ಮೂಲ.

ಕಥಾಸಾರ

ಮಜೀದ್ 'ಎಂ.ವೈ.ಸಿ. ಆಕ್ಕೋಡ್' ಎಂಬ ಸೆವೆನ್ಸ್ ತಂಡದ ವ್ಯವಸ್ಥಾಪಕ. ಹೆಚ್ಚು ಓದಿದವನಲ್ಲ, ಸ್ಥಿರವಾದ ಸಂಪಾದನೆ ಇಲ್ಲ. ತಂಡ ಗೆದ್ದರೂ ಕಿಸೆ ಖಾಲಿಯೇ. ಹೆಣ್ಣು ನೋಡಲು ಹೋದಲ್ಲೆಲ್ಲ ಈ ಕಾರಣಕ್ಕೇ ಸಂಬಂಧ ಕೂಡಿಬರುವುದಿಲ್ಲ. ಈ ಪ್ರಸಂಗಗಳು ಚಿತ್ರದ ಮೊದಲ ಭಾಗಕ್ಕೆ ಬೇಕಾದ ನಗೆಯನ್ನು ಒದಗಿಸುತ್ತವೆ. ಅವನ ತಾಯಿ ಜಮೀಲಾ ಮರುಮದುವೆಯಾದವಳು. ಮಲತಂದೆಯನ್ನು ಮಜೀದ್ ತಂದೆಯೆಂದು ಒಪ್ಪಿಕೊಂಡಿಲ್ಲ. ಕಾವಲುಗಾರನಾಗಿ ದುಡಿಯುವ ಆ ವೃದ್ಧನು ಮಜೀದ್ ಇಲ್ಲದ ಹೊತ್ತು ನೋಡಿ ಹೆಂಡತಿಯ ಮನೆಗೆ ಬಂದು, ಅತಿಥಿಯಂತೆ ಕುಳಿತು ಹೋಗುತ್ತಾನೆ.

ತಂಡದ ಗೆಲುವಿಗೆ ಕಾರಣನಾದ ಸ್ಯಾಮ್ಯುಯೆಲ್ ಒಂದು ದಿನ ಸ್ನಾನದ ಮನೆಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಮೈದಾನದಲ್ಲಿ ಎಷ್ಟೋ ಪೆಟ್ಟು ತಪ್ಪಿಸಿಕೊಂಡವನು ಬಚ್ಚಲಲ್ಲಿ ಬೀಳುತ್ತಾನೆ ಎಂಬುದು ಚಿತ್ರಕಥೆಯ ಜಾಣತನ. ಆಸ್ಪತ್ರೆಯ ವೆಚ್ಚ ಭರಿಸಲಾಗದೆ ಮಜೀದ್ ಅವನನ್ನು ತನ್ನ ಮನೆಗೆ ಕರೆತರುತ್ತಾನೆ. ಇಲ್ಲಿಂದ ಕಥೆ ಮೈದಾನವನ್ನು ಬಿಟ್ಟು ಅಡುಗೆಮನೆ, ಜಗಲಿಗಳಿಗೆ ಬರುತ್ತದೆ. ಜಮೀಲಾ ಮತ್ತು ಅವಳ ನೆರೆಯ ಬೀಯುಮ್ಮಾ ಸ್ಯಾಮ್ಯುಯೆಲ್‌ನ ಆರೈಕೆಗೆ ನಿಲ್ಲುತ್ತಾರೆ. ಅವರಿಗೆ ಇಂಗ್ಲಿಷ್ ಬಾರದು, ಅವನಿಗೆ ಮಲಯಾಳಂ ಬಾರದು. ಆದರೂ ಮಾತು ನಿಲ್ಲುವುದಿಲ್ಲ. ಊರವರು ಗುಂಪುಗುಂಪಾಗಿ 'ಸುಡಾನಿ'ಯನ್ನು ನೋಡಲು ಬರುತ್ತಾರೆ. ಪತ್ರಿಕೆಯಲ್ಲೂ ಸುದ್ದಿಯಾಗುತ್ತದೆ.

ಆ ಸುದ್ದಿಯೇ ಸಂಕಟಕ್ಕೆ ಎಡೆಮಾಡುತ್ತದೆ. ಅಧಿಕಾರಿಗಳ ವಿಚಾರಣೆ ಆರಂಭವಾಗುವ ವೇಳೆಗೆ ಸ್ಯಾಮ್ಯುಯೆಲ್‌ನ ಪಾಸ್‌ಪೋರ್ಟ್ ಕಾಣೆಯಾಗಿರುತ್ತದೆ. ಅದು ನ್ಯಾಯವಾದ ಮಾರ್ಗದಲ್ಲಿ ಪಡೆದದ್ದಲ್ಲವೆಂದು ಅವನು ಮಜೀದ್‌ಗೆ ತಿಳಿಸುತ್ತಾನೆ. ಅಜ್ಜಿ ಮತ್ತು ತಂಗಿಯರನ್ನು ಸಾಕುವ ಸಲುವಾಗಿ ದೇಶ ಬಿಟ್ಟು ಬಂದವನು ಅವನು. ಅತ್ತ ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗಲೂ ಹೊರಡಲಾಗದೆ ಹಾಸಿಗೆಯ ಮೇಲೆ ಅಳುತ್ತಾನೆ. ಕಾಗದವೊಂದಿಲ್ಲದಿದ್ದರೆ ಮನುಷ್ಯನು ಇದ್ದೂ ಇಲ್ಲದವನಾಗುತ್ತಾನೆ ಎಂಬ ಕಠೋರ ಸತ್ಯ ಈ ಭಾಗದಲ್ಲಿ ಹಾಸ್ಯದ ಪದರವನ್ನು ಸೀಳಿ ಹೊರಬರುತ್ತದೆ.

ಮಜೀದ್ ಹೆಣಗಾಡಿ ಅವನನ್ನು ಊರಿಗೆ ಕಳುಹಿಸುವ ವ್ಯವಸ್ಥೆ ಮಾಡುತ್ತಾನೆ. ಪಂದ್ಯ ಮುಗಿದ ಮೇಲೆ ಎದುರಾಳಿ ಆಟಗಾರರು ಅಂಗಿ ಬದಲಿಸಿಕೊಳ್ಳುವ ಪದ್ಧತಿಯಂತೆ, ವಿಮಾನ ನಿಲ್ದಾಣದಲ್ಲಿ ಗೆಳೆಯರಿಬ್ಬರೂ ಅಂಗಿಗಳನ್ನು ಬದಲಿಸಿಕೊಳ್ಳುತ್ತಾರೆ. ಬಳಿಕ ಮಜೀದ್ ಮಲತಂದೆಯಿದ್ದಲ್ಲಿಗೆ ಹೋಗಿ ಅವನನ್ನು ಮನೆಗೆ ಕರೆತರುತ್ತಾನೆ. ಪರದೇಶಿಯೊಬ್ಬನನ್ನು ಮನೆಯವನನ್ನಾಗಿ ಮಾಡಿಕೊಂಡವನು ಮನೆಯಲ್ಲೇ ಪರಕೀಯನಾಗಿದ್ದವನನ್ನು ಗುರುತಿಸುವ ಈ ದೃಶ್ಯದಲ್ಲಿ ಸಂಭಾಷಣೆ ಬಹಳ ಕಡಿಮೆ. ಕ್ರೀಡಾಚಿತ್ರಗಳಲ್ಲಿ ಕೊನೆಗೊಂದು ಅಂತಿಮ ಪಂದ್ಯ, ಕೊನೆಯ ನಿಮಿಷದ ಗೋಲು ಇರುವುದು ವಾಡಿಕೆ. ಇಲ್ಲಿ ಅದಿಲ್ಲ.

ಪಾತ್ರವರ್ಗ

ಮಜೀದ್‌ನ ಪಾತ್ರದಲ್ಲಿ ಸೌಬಿನ್ ಶಾಹಿರ್ ನಟಿಸಿದ್ದಾರೆ. ಸಹಾಯಕ ನಿರ್ದೇಶಕರಾಗಿ ಚಿತ್ರರಂಗಕ್ಕೆ ಬಂದ ಇವರು 'ಪ್ರೇಮಂ', 'ಮಹೇಶಿಂಟೆ ಪ್ರತೀಕಾರಂ' ಮುಂತಾದ ಚಿತ್ರಗಳ ಹಾಸ್ಯ ಪಾತ್ರಗಳಿಂದ ಪರಿಚಿತರಾಗಿದ್ದರು. 2017ರಲ್ಲಿ 'ಪರವ' ಚಿತ್ರವನ್ನು ನಿರ್ದೇಶಿಸಿದ್ದರು. ಸ್ಯಾಮ್ಯುಯೆಲ್‌ನ ಪಾತ್ರಕ್ಕೆ ನಟನ ಹೆಸರನ್ನೇ ಇಡಲಾಗಿದೆ.

ಆದರೆ ಚಿತ್ರದ ಜೀವಾಳ ಇಬ್ಬರು ಹಿರಿಯ ನಟಿಯರು. ಜಮೀಲಾಳಾಗಿ ಸಾವಿತ್ರಿ ಶ್ರೀಧರನ್, ಬೀಯುಮ್ಮಾಳಾಗಿ ಸರಸ ಬಾಲುಶ್ಶೇರಿ ನಟಿಸಿದ್ದಾರೆ. ಇಬ್ಬರೂ ಕೋಯಿಕ್ಕೋಡ್ ಸೀಮೆಯ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದವರು. ನಾಟಕದವರು ಸಿನಿಮಾದಲ್ಲಿ ದನಿ ಎತ್ತರಿಸುತ್ತಾರೆಂಬ ಆಕ್ಷೇಪ ಸಾಮಾನ್ಯ. ಇವರ ಅಭಿನಯದಲ್ಲಿ ಅದರ ಸುಳಿವೂ ಇಲ್ಲ. ಮಲತಂದೆಯ ಪಾತ್ರವನ್ನು ಕೋಯಿಕ್ಕೋಡಿನ ರಂಗಕಲಾವಿದ ಕೆ. ಟಿ. ಸಿ. ಅಬ್ದುಲ್ಲಾ ನಿರ್ವಹಿಸಿದರು. ಅವರು ಅದೇ ವರ್ಷದ ನವೆಂಬರ್‌ನಲ್ಲಿ ನಿಧನರಾದರು.

ನಿರ್ಮಾಣ

ನಿರ್ಮಾಪಕರಿಬ್ಬರೂ ಮೂಲತಃ ಛಾಯಾಗ್ರಾಹಕರು. ಶೈಜು ಖಾಲಿದ್ ಈ ಚಿತ್ರದ ಛಾಯಾಗ್ರಹಣವನ್ನೂ ನಿರ್ವಹಿಸಿದರು. ಸಂಗೀತ ರೆಕ್ಸ್ ವಿಜಯನ್ ಅವರದು, ಸಂಕಲನ ನೌಫಲ್ ಅಬ್ದುಲ್ಲಾ ಅವರದು. ಸಹಲೇಖಕ ಮುಹ್ಸಿನ್ ಪರಾರಿ ಈ ಮೊದಲು 2015ರಲ್ಲಿ ಮಲಪ್ಪುರಂ ಹಿನ್ನೆಲೆಯದೇ ಆದ 'ಕೆಎಲ್ 10 ಪತ್ತ್' ಚಿತ್ರವನ್ನು ನಿರ್ದೇಶಿಸಿದ್ದರು. ಪಾತ್ರಗಳು ಆಡುವುದು ಅಚ್ಚುಕಟ್ಟಾದ ಪುಸ್ತಕದ ಮಲಯಾಳವನ್ನಲ್ಲ, ಆ ಸೀಮೆಯ ಮಾಪ್ಪಿಳ್ಳೆ ಮುಸ್ಲಿಮರ ಆಡುನುಡಿಯನ್ನು. ಮಲಯಾಳಂ ಬಲ್ಲ ಕನ್ನಡಿಗರಿಗೂ ಆರಂಭದಲ್ಲಿ ಅದು ತುಸು ತೊಡಕೆನಿಸಬಹುದು.

ಸಂಭಾವನೆಯ ವಿವಾದ

ಚಿತ್ರವು ಪ್ರೇಕ್ಷಕರ ಮೆಚ್ಚುಗೆ ಗಳಿಸಿ ಪ್ರದರ್ಶನ ಕಾಣುತ್ತಿರುವಾಗಲೇ, ನೈಜೀರಿಯಾಕ್ಕೆ ಮರಳಿದ್ದ ಸ್ಯಾಮ್ಯುಯೆಲ್ ರಾಬಿನ್ಸನ್ ಫೇಸ್‌ಬುಕ್‌ನಲ್ಲಿ ಒಂದು ದೂರನ್ನು ಪ್ರಕಟಿಸಿದರು. ತಮ್ಮಷ್ಟು ಅನುಭವವಿಲ್ಲದ ಭಾರತೀಯ ನಟರಿಗೆ ದೊರೆಯುವುದಕ್ಕಿಂತ ತಮಗೆ ಬಹಳ ಕಡಿಮೆ ಸಂಭಾವನೆ ದೊರೆತಿದೆ, ಇದಕ್ಕೆ ತಮ್ಮ ವರ್ಣವೇ ಕಾರಣ ಎಂಬುದು ಅವರ ಆರೋಪವಾಗಿತ್ತು. ಅವರು ಹೇಳಿದ ಮೊತ್ತ 1.80 ಲಕ್ಷ ರೂಪಾಯಿ. ಇದು ಅಲ್ಪ ಬಂಡವಾಳದ ಚಿತ್ರವೆಂದೂ, ಒಪ್ಪಂದದಂತೆಯೇ ಹಣ ಸಂದಾಯವಾಗಿದೆಯೆಂದೂ ನಿರ್ಮಾಪಕರು ಉತ್ತರಿಸಿದರು. ಕೇರಳದಲ್ಲಿ ಇದು ವ್ಯಾಪಕ ಚರ್ಚೆಗೆ ಕಾರಣವಾಯಿತು. ಪರದೇಶದ ಆಟಗಾರನ ಕೂಲಿ, ಗೌರವಗಳ ಕಥೆ ಹೇಳಿದ ಚಿತ್ರವೇ ಅದೇ ಪ್ರಶ್ನೆಗೆ ಗುರಿಯಾದದ್ದು ಜನರ ಗಮನ ಸೆಳೆಯಿತು. 2018ರ ಏಪ್ರಿಲ್‌ನಲ್ಲಿ ಉಭಯ ಪಕ್ಷಗಳ ನಡುವೆ ರಾಜಿಯಾಯಿತು. ನಿರ್ಮಾಪಕರು ಹೆಚ್ಚುವರಿ ಹಣ ನೀಡಿದರು. ವರ್ಣಭೇದ ನಡೆದಿಲ್ಲ, ತಪ್ಪು ತಿಳಿವಳಿಕೆಯಾಗಿತ್ತೆಂದು ರಾಬಿನ್ಸನ್ ಹೇಳಿಕೆ ನೀಡಿದರು.

ಪ್ರಶಸ್ತಿಗಳು

2018ನೇ ಸಾಲಿನ ಕೇರಳ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ಐದು ಪ್ರಶಸ್ತಿಗಳು ಲಭಿಸಿದವು. ಜನಪ್ರಿಯತೆ ಮತ್ತು ಕಲಾಮೌಲ್ಯಗಳೆರಡೂ ಇರುವ ಚಿತ್ರ, ನವ ನಿರ್ದೇಶಕ, ಚಿತ್ರಕಥೆ, ನಟ ಹಾಗೂ ಪೋಷಕ ನಟಿ ಎಂಬ ವಿಭಾಗಗಳವು. ಪೋಷಕ ನಟಿಯ ಪ್ರಶಸ್ತಿಯನ್ನು ಸಾವಿತ್ರಿ ಶ್ರೀಧರನ್ ಮತ್ತು ಸರಸ ಬಾಲುಶ್ಶೇರಿ ಹಂಚಿಕೊಂಡರು. ಅತ್ಯುತ್ತಮ ನಟ ಪ್ರಶಸ್ತಿಯನ್ನು ಸೌಬಿನ್ ಅವರೊಂದಿಗೆ ಹಂಚಿಕೊಂಡವರು ಜಯಸೂರ್ಯ. ಅವರಿಗೆ ಈ ಗೌರವ ತಂದುಕೊಟ್ಟ ಚಿತ್ರಗಳಲ್ಲೊಂದಾದ 'ಕ್ಯಾಪ್ಟನ್' ಕೂಡ ಫುಟ್‌ಬಾಲಿನದೇ, ಭಾರತ ತಂಡದ ನಾಯಕರಾಗಿದ್ದ ವಿ. ಪಿ. ಸತ್ಯನ್ ಅವರ ಜೀವನಕಥೆ.

66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು 2019ರ ಆಗಸ್ಟ್‌ನಲ್ಲಿ ಪ್ರಕಟಿಸಿದಾಗ ಇದು ಅತ್ಯುತ್ತಮ ಮಲಯಾಳಂ ಚಿತ್ರವಾಗಿ ಆಯ್ಕೆಯಾಯಿತು. ಸಾವಿತ್ರಿ ಶ್ರೀಧರನ್ ಅವರ ಅಭಿನಯಕ್ಕೆ ವಿಶೇಷ ಉಲ್ಲೇಖದ ಗೌರವ ದೊರೆಯಿತು. ಅದೇ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾದ 'ನಾತಿಚರಾಮಿ'ಯ ನಟಿ ಶ್ರುತಿ ಹರಿಹರನ್ ಅವರಿಗೂ ಇದೇ ಬಗೆಯ ಉಲ್ಲೇಖ ಸಂದಿತ್ತು. ಪ್ರಶಸ್ತಿ ಪ್ರದಾನ ಸಮಾರಂಭ 2019ರ ಡಿಸೆಂಬರ್‌ನಲ್ಲಿ ನಡೆಯಿತು. ಪೌರತ್ವ (ತಿದ್ದುಪಡಿ) ಕಾಯ್ದೆ ಮತ್ತು ರಾಷ್ಟ್ರೀಯ ಪೌರತ್ವ ನೋಂದಣಿಯನ್ನು ವಿರೋಧಿಸಿ ಜಕರಿಯಾ, ಮುಹ್ಸಿನ್ ಪರಾರಿ ಮತ್ತು ನಿರ್ಮಾಪಕರು ಸಮಾರಂಭದಿಂದ ದೂರ ಉಳಿಯುವುದಾಗಿ ಘೋಷಿಸಿದರು. ಜಕರಿಯಾ ಅವರ ಎರಡನೆಯ ಚಿತ್ರ 'ಹಲಾಲ್ ಲವ್ ಸ್ಟೋರಿ' 2020ರಲ್ಲಿ ಬಿಡುಗಡೆಯಾಯಿತು. ಅದರ ಚಿತ್ರಕಥೆಯಲ್ಲಿಯೂ ಮುಹ್ಸಿನ್ ಪರಾರಿ ಅವರ ಪಾಲಿದೆ.