ದೋಣಿಯ ಟಿಕೇಟು, ಚರ್ಚಿನ ಸೂರು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ. ಆಗೊಮ್ಮೆ ಈಗೊಮ್ಮೆ ಕಾಗದ ಬರೆಯುವ ಅಭ್ಯಾಸವನ್ನು ಅವನು ಇನ್ನೂ ಬಿಟ್ಟಿಲ್ಲ. ಈಚೆಗೆ ಬಂದ ಕಾಗದದಲ್ಲಿ ಒಂದು ಟಿಕೇಟನ್ನೂ ಮಡಿಸಿ ಇಟ್ಟಿದ್ದ. ಅವನಿರುವ ಕಡೆಗೆ ಸಮೀಪದ ಒಂದು ಹಳ್ಳಿಯಲ್ಲಿ, ಚರ್ಚಿನ ಸೂರಿಗೆ ಹೊದಿಸಿದ್ದ ಸೀಸದ ತಗಡನ್ನು ಕಳ್ಳರು ರಾತ್ರೋರಾತ್ರಿ ಸುಲಿದುಕೊಂಡು ಹೋದರಂತೆ. ಮಳೆ ಬಂದರೆ ಒಳಗೆಲ್ಲ ಸೋರುವುದು. ರಿಪೇರಿಗೆ ಹಣ ಕೂಡಿಸಲೆಂದು ಊರಿನವರು ಒಂದು ಶನಿವಾರ ಕಾಲುವೆಯ ಮೇಲೆ ದೋಣಿ ವಿಹಾರವನ್ನು ಏರ್ಪಡಿಸಿದ್ದರು. ಟಿಕೇಟು ಅದರದು. “ಮೇಷ್ಟ್ರೇ, ನಾನು ಆ ಚರ್ಚಿನವನಲ್ಲ, ಆ ಮತದವನೂ ಅಲ್ಲ. ದೋಣಿ ನಡೆಸುತ್ತಿದ್ದ ಮುದುಕರು ತಾವೂ ಚರ್ಚಿಗೆ ಹೋಗುವವರಲ್ಲವೆಂದರು. ಆದರೂ ಇಬ್ಬರೂ ಸಂಜೆಯವರೆಗೆ ಅದಕ್ಕಾಗಿ ದುಡಿದೆವು. ಇದೇನು ಸೋಜಿಗ, ಹೇಳಿ” ಎಂದು ಅವನು ಕೇಳಿದ್ದ.

ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣವೆಂದು ಕುಳಿತೆ. ಆಗಲಿಲ್ಲ. ಆ ಕಾಲುವೆಗಳ ಕತೆಯನ್ನೂ ಆ ಚರ್ಚುಗಳ ಕತೆಯನ್ನೂ ಬಿಚ್ಚಬೇಕಾಯಿತು. ಬಿಚ್ಚಿದಾಗ ಕಂಡದ್ದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ಇಂಗ್ಲೆಂಡಿನ ಕಾಲುವೆಗಳು ನಮ್ಮ ನಾಲೆಗಳಂತೆ ಗದ್ದೆಗೆ ನೀರುಣಿಸಲು ತೋಡಿದವಲ್ಲ; ಸರಕು ಸಾಗಿಸಲು ತೋಡಿದವು. 1761ರಲ್ಲಿ ಬ್ರಿಜ್‌ವಾಟರ್ ಎಂಬ ಡ್ಯೂಕನು ವರ್ಸ್‌ಲಿಯ ತನ್ನ ಗಣಿಗಳಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲನ್ನು ನೀರಿನ ಮೇಲೆ ಸಾಗಿಸತೊಡಗಿದ. ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಕೆಲಸದ ಮುಖ್ಯಸ್ಥರಲ್ಲಿ ಒಬ್ಬನಾದ ಜೇಮ್ಸ್ ಬ್ರಿಂಡ್‌ಲಿ ಗಿರಣಿಗಳ ಯಂತ್ರ ಕಟ್ಟುವ ಕಸುಬಿನವನು. ಓದುಬರಹ ಬಲ್ಲದ್ದು ಅಷ್ಟಕ್ಕಷ್ಟೆ. ಮುಂದಿನ ಮೂವತ್ತು ವರ್ಷಗಳಲ್ಲಿ ದೇಶದ ನಡುಭಾಗವೆಲ್ಲ ಕಾಲುವೆಗಳಿಂದ ಹೆಣೆದುಕೊಂಡಿತು. 1790ರ ಜನವರಿ 1ರಂದು ಮೊದಲ ಕಲ್ಲಿದ್ದಲು ದೋಣಿಗಳು ಆಕ್ಸ್‌ಫರ್ಡ್ ಮುಟ್ಟಿದವು. 1793ರ ಹೊತ್ತಿಗೆ ಕಾಲುವೆ ಕಂಪೆನಿಗಳ ಷೇರು ಕೊಳ್ಳುವುದು ಒಂದು ಹುಚ್ಚಾಗಿತ್ತು. ದಡದ ಹಾದಿಯಲ್ಲಿ ನಡೆಯುವ ಒಂದೇ ಕುದುರೆ ಹಗ್ಗ ಕಟ್ಟಿ ಇಪ್ಪತ್ತೈದು ಟನ್ ಸರಕನ್ನು ಎಳೆಯಬಲ್ಲದೆಂದ ಮೇಲೆ ಹುಚ್ಚು ಹಿಡಿಯದೆ ಏನಾದೀತು?

ನೆಲ ಏರಿದ ಕಡೆ ನೀರು ಏರಲಾರದಷ್ಟೆ. ಅಲ್ಲಿ ‘ಲಾಕ್’ ಎಂಬ ಕಟ್ಟಡವಿರುತ್ತದೆ. ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲನ್ನು ಮುಚ್ಚಿ, ಮೇಲಿನ ತೂಬನ್ನು ತೆರೆಯುತ್ತಾರೆ. ತೊಟ್ಟಿ ತುಂಬುತ್ತ ಬಂದಂತೆ ದೋಣಿಯೂ ಏರುತ್ತದೆ. ನೀರಿಗೆ ಕಟ್ಟಿದ ಮೆಟ್ಟಿಲು ಎನ್ನಬಹುದು. ನಡುನಾಡಿನ ಹಲವು ಕಾಲುವೆಗಳಲ್ಲಿ ಈ ತೊಟ್ಟಿಗಳ ಅಗಲ ಸುಮಾರು ಏಳು ಅಡಿ. ಆದ್ದರಿಂದ ದೋಣಿಗಳೂ ಏಳು ಅಡಿಗಿಂತ ಅಗಲವಾಗುವಂತಿಲ್ಲ. ಉದ್ದ ಮಾತ್ರ ಎಪ್ಪತ್ತು ಅಡಿಯವರೆಗೂ ಇರುತ್ತಿತ್ತು. ಪೆನ್ಸಿಲಿನಂತಹ ಆ ದೋಣಿ ಇಂದಿಗೂ ಹಾಗೆಯೇ ಉಳಿದಿದೆ.

ಇಲ್ಲಿಂದ ಮುಂದೆ ಕತೆ ಸ್ವಲ್ಪ ಕಹಿಯಾಗುತ್ತದೆ. ರೈಲು ಬಂದಿತು. ಸರಕಿನ ಬಾಡಿಗೆ ಇಳಿಯಿತು. ದಡದ ಮೇಲೆ ಮನೆಯ ಬಾಡಿಗೆ ಕೊಟ್ಟು, ದೋಣಿಯ ಮೇಲೆ ಆಳಿಗೆ ಕೂಲಿ ಕೊಟ್ಟು ಬದುಕುವುದು ಅನೇಕ ಅಂಬಿಗರಿಗೆ ಸಾಧ್ಯವಾಗಲಿಲ್ಲ. ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಸುಮಾರು ಹತ್ತು ಅಡಿ ಉದ್ದದ ಕೋಣೆಯೊಳಗೆ ಒಲೆ, ಹಾಸಿಗೆ, ಬಾಣಂತಿ, ಕೂಸು ಎಲ್ಲವೂ ಅಡಕವಾಗಬೇಕು. ಕೋಣೆಯ ಬಾಗಿಲಿಗೂ ನೀರಿನ ಡಬರಿಗೂ ಗುಲಾಬಿ ಹೂವುಗಳನ್ನೂ ಕೋಟೆಗಳನ್ನೂ ಚಿತ್ರಿಸಿಕೊಂಡು ಅವರು ಆ ಇಕ್ಕಟ್ಟಿಗೆ ಒಂದು ಕಳೆ ತಂದುಕೊಂಡರು. ಆದರೆ ಇಂದು ಇಲ್ಲಿ, ನಾಳೆ ಅಲ್ಲಿ ಎಂಬಂತಿದ್ದ ಮಕ್ಕಳಿಗೆ ಶಾಲೆ ಎಲ್ಲಿಯದು? ಅವರಿಗೆ ಊರೆಂಬುದಿಲ್ಲ; ಊರಿಲ್ಲದ ಮೇಲೆ ಊರ ಚರ್ಚೂ ಇಲ್ಲ. ದಡದ ಜನ ಅವರನ್ನು ಒಂದು ಬಗೆಯ ಅಲೆಮಾರಿಗಳೆಂದು ದೂರವಿಟ್ಟರು. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬಾತ 1875ರಲ್ಲಿ ಒಂದು ಪುಸ್ತಕವನ್ನೇ ಬರೆದು ಅವರ ಸ್ಥಿತಿಯನ್ನು ದೇಶದ ಮುಂದೆ ಇಟ್ಟ ಮೇಲೆ, 1877ರಲ್ಲಿ ದೋಣಿಮನೆಗಳ ನೋಂದಣಿಗೆ ಕಾನೂನು ಬಂದಿತು.

ಅವರಿಗಾಗಿ ಮರುಗಿದವರು ಅದಕ್ಕೂ ಮೊದಲೇ ಇದ್ದರು. ಆಕ್ಸ್‌ಫರ್ಡಿನಲ್ಲಿ 1839ರಲ್ಲಿ ಕಲ್ಲಿದ್ದಲು ವ್ಯಾಪಾರಿಯೊಬ್ಬ ಅಂಬಿಗರಿಗೆಂದು ತೇಲುವ ಪ್ರಾರ್ಥನಾ ಮಂದಿರವೊಂದನ್ನು ಕೊಟ್ಟ. ಹಳೆಯ ದೋಣಿಯೊಂದರ ಮೇಲೆ ಕಟ್ಟಿದ್ದು. ಅಂಬಿಗರು ಚರ್ಚಿಗೆ ಬರಲಾರರೆಂದರೆ ಚರ್ಚೇ ನೀರಿಗಿಳಿದು ಅವರ ಬಳಿಗೆ ಹೋಗಲಿ ಎಂಬ ಭಾವನೆ ಅದು. ಸುಮಾರು ಮೂವತ್ತು ವರ್ಷ ಅದು ಹಾಗೆ ತೇಲಿಕೊಂಡಿದ್ದು, 1868ರಲ್ಲಿ ಮುಳುಗಿಹೋಯಿತು. ಇತ್ತ ಎರಡು ದೊಡ್ಡ ಕಾಲುವೆಗಳು ಕೂಡುವ ಬ್ರಾನ್‌ಸ್ಟನ್ ಎಂಬ ಹಳ್ಳಿಯ ಚರ್ಚು ಮಾತ್ರ ಅಂಬಿಗರ ಪಾಲಿಗೆ ತವರಿನಂತಾಯಿತು. ನಾಮಕರಣಕ್ಕೂ ಮದುವೆಗೂ ಮಣ್ಣಿಗೂ ದೋಣಿಯ ಕುಟುಂಬಗಳು ಅಲ್ಲಿಗೆ ಬರುತ್ತಿದ್ದವು. ಗುಡ್ಡದ ಮೇಲಿನ ಅದರ ಶಿಖರ ಕಾಲುವೆಯಿಂದಲೇ ಕಾಣುವುದು. ‘ಕಾಲುವೆಗಳ ಮಹಾಮಂದಿರ’ವೆಂಬ ಹೆಸರು ಅದಕ್ಕೆ ಈಗಲೂ ಇದೆ.

ಇನ್ನು ಚರ್ಚಿನ ಸೂರಿನ ಮಾತು. ಹಳ್ಳಿಯ ಚರ್ಚನ್ನು ರಿಪೇರಿ ಮಾಡಿಸುವವರು ಯಾರು? ಸರಕಾರವೆಂದು ನಾನು ಎಣಿಸಿದ್ದೆ. ಅದು ತಪ್ಪು. ಹಿಂದೆ ಇದಕ್ಕಾಗಿ ಒಂದು ತೆರಿಗೆಯಿತ್ತು. ಊರಿನ ಚರ್ಚಿನ ಪಾರುಪತ್ಯಗಾರರು ಸಭೆ ಸೇರಿಸಿ, ಮನೆ ಹೊಲಗಳ ಮೇಲೆ ಇಷ್ಟಿಷ್ಟೆಂದು ಹಾಕುತ್ತಿದ್ದರು. ಆ ಚರ್ಚಿನ ಮೆಟ್ಟಿಲನ್ನೇ ತುಳಿಯದ ಬೇರೆ ಪಂಗಡದ ಕ್ರೈಸ್ತರೂ ಅದನ್ನು ತೆರಬೇಕು. ಜನ ಒಪ್ಪಲಿಲ್ಲ. ಆಕ್ಸ್‌ಫರ್ಡಿನಲ್ಲಿ ಚರ್ಚು ನೀರಿಗಿಳಿದ ಅದೇ 1839ರಲ್ಲಿ, ಚೆಮ್ಸ್‌ಫರ್ಡಿನಲ್ಲಿ ಜಾನ್ ಥರೊಗುಡ್ ಎಂಬ ಬೂಟು ಹೊಲಿಯುವ ಕಸುಬಿನವನು ಈ ತೆರಿಗೆಯನ್ನು ಕೊಡುವುದಿಲ್ಲವೆಂದು ಸೆರೆಮನೆಗೆ ಹೋದ. ಬಾಕಿಯಿದ್ದದ್ದು ಕೆಲವೇ ಷಿಲಿಂಗು, ಹಟವಿದ್ದದ್ದು ತತ್ವಕ್ಕೆ. ಇಂಥ ಜಗಳಗಳು ಬೆಳೆದು, ಕಡೆಗೆ 1868ರಲ್ಲಿ ಪಾರ್ಲಿಮೆಂಟು ಆ ಕಡ್ಡಾಯದ ತೆರಿಗೆಯನ್ನು ತೆಗೆದುಹಾಕಿತು. ಅಂದಿನಿಂದ ಸೂರಿನ ಹೊರೆ ಊರಿನವರ ಔದಾರ್ಯದ ಮೇಲೆ ಬಿದ್ದಿದೆ. 1955ರಲ್ಲಿ ಆರಂಭವಾದ ಪದ್ಧತಿಯಂತೆ ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯೊಬ್ಬ ಬಂದು ಚರ್ಚನ್ನು ಪರೀಕ್ಷಿಸಿ, ಬಿರುಕು, ಸೋರಿಕೆಗಳ ಪಟ್ಟಿ ಕೊಡುತ್ತಾನೆ. ಪಟ್ಟಿ ತಪ್ಪದೆ ಬರುತ್ತದೆ. ಹಣ ಬರುವ ಭರವಸೆಯಿಲ್ಲ.

ಕಡ್ಡಾಯದ ಒಂದು ಹಳೆಯ ಬೇರು ಮಾತ್ರ ನೆಲದಲ್ಲಿ ಉಳಿದಿತ್ತು. ಕೆಲವು ಜಮೀನುಗಳ ಒಡೆಯರು ಚರ್ಚಿನ ಬಲಿಪೀಠದ ಭಾಗವನ್ನು ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಸಬೇಕೆಂಬ ಮಧ್ಯಯುಗದ ಕಟ್ಟುಪಾಡು ಅದು. ಸ್ಟ್ರಾಟ್‌ಫರ್ಡಿನ ಸಮೀಪದ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯ ಚರ್ಚಿಗೆ, ಷೇಕ್ಸ್‌ಪಿಯರನ ತಾಯಿತಂದೆಯರ ಮದುವೆ ನಡೆದದ್ದು ಇಲ್ಲಿಯೇ ಎಂಬ ಪ್ರತೀತಿಯಿದೆ. ಆ ಊರಿನಲ್ಲಿ ಜಮೀನಿದ್ದ ಒಂದು ಕುಟುಂಬಕ್ಕೂ ಚರ್ಚಿಗೂ ಇದೇ ವಿಷಯದಲ್ಲಿ ವ್ಯಾಜ್ಯ ಬಿದ್ದು, 2003ರಲ್ಲಿ ದೇಶದ ಅತ್ಯುಚ್ಚ ನ್ಯಾಯಪೀಠ ಕುಟುಂಬದ ವಿರುದ್ಧ ತೀರ್ಪಿತ್ತಿತು. ತೆರಬೇಕಾದ ರಿಪೇರಿಯ ಹಣವೇ 1,80,000 ಪೌಂಡಿಗೂ ಮೇಲಾಯಿತು. ಚರ್ಚು ಗೆದ್ದಿತು ನಿಜ. ಆದರೆ ವರ್ಷಗಟ್ಟಲೆ ಕೋರ್ಟು ಹತ್ತಿ ಪಡೆದ ಸೂರಿನ ಕೆಳಗೆ ಕುಳಿತವರಿಗೆ ನೆಮ್ಮದಿ ಎಷ್ಟಿದ್ದೀತು?

ಈ ಹಳ್ಳಿಗೆ ಅನತಿದೂರದಲ್ಲಿಯೇ ಸ್ಟ್ರಾಟ್‌ಫರ್ಡ್ ಕಾಲುವೆ ಹಾದುಹೋಗುತ್ತದೆ. ಸೂರು ಉಳಿಸಿಕೊಳ್ಳುವ ಇನ್ನೊಂದು ದಾರಿ ಆ ಕಾಲುವೆಯ ಕತೆಯಲ್ಲಿದೆ. 1816ರಲ್ಲಿ ಪೂರ್ತಿಯಾದ ಅದು ಇಪ್ಪತ್ತನೆಯ ಶತಮಾನದ ನಡುವಿಗೆ ಹೂಳು ತುಂಬಿ, ಬಾಗಿಲು ಕೊಳೆತು, ಜೊಂಡು ಬೆಳೆದು ಸತ್ತಂತಿತ್ತು. 1948ರಲ್ಲಿ ಹೆಚ್ಚಿನ ಕಾಲುವೆಗಳು ಸರಕಾರದ ವಶಕ್ಕೆ ಬಂದಿದ್ದರೂ ಆದಾಯವಿಲ್ಲದವುಗಳ ಮೇಲೆ ಯಾರಿಗೂ ಅಕ್ಕರೆಯಿರಲಿಲ್ಲ. ಅಷ್ಟರಲ್ಲಿ, 1944ರಲ್ಲಿ ಟಾಮ್ ರೋಲ್ಟ್ ಎಂಬ ಎಂಜಿನಿಯರ್ ತನ್ನ ದೋಣಿ ಬಾಳನ್ನು ಕುರಿತು ಬರೆದ ಪುಸ್ತಕ ಜನರ ಮನಸ್ಸನ್ನು ಕಲಕಿತ್ತು. ಆತನೂ ರಾಬರ್ಟ್ ಐಕ್‌ಮನ್ ಎಂಬ ಲೇಖಕನೂ ಕೂಡಿ 1946ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘವನ್ನು ಕಟ್ಟಿದರು. ಸ್ಟ್ರಾಟ್‌ಫರ್ಡ್ ಕಾಲುವೆಯನ್ನು ಮುಚ್ಚಿಬಿಡೋಣ, ಮೂರು ವರ್ಷದಿಂದ ಇದನ್ನು ಯಾರೂ ಬಳಸಿಲ್ಲ ಎಂದು ಅಧಿಕಾರಿಗಳು ವಾದ ಹೂಡಿದಾಗ, ಎದುರಾಳಿಗಳು ಒಂದು ಚೀಟಿಯನ್ನು ಮುಂದಿಟ್ಟರು. ಪುಟ್ಟ ಹುಟ್ಟುದೋಣಿಯೊಂದು ಅದೇ ಕಾಲುವೆಯಲ್ಲಿ ಹೋಗಲು ಸುಂಕ ಕೊಟ್ಟು ಪಡೆದಿದ್ದ ಟಿಕೇಟು ಅದು! ಮುಚ್ಚುವ ಮಾತು ಬಿದ್ದುಹೋಯಿತು. 1960ರಲ್ಲಿ ನ್ಯಾಷನಲ್ ಟ್ರಸ್ಟ್ ಅದರ ಹೊಣೆ ಹೊತ್ತಿತು. ಡೇವಿಡ್ ಹಚಿಂಗ್ಸ್ ಎಂಬಾತನ ಮುಂದಾಳುತನದಲ್ಲಿ ಸ್ವಯಂಸೇವಕರು, ಸೈನಿಕರು, ಸೆರೆಮನೆಯ ಕೈದಿಗಳು ಸಹ ಕೆಸರಿಗಿಳಿದು ಹೂಳೆತ್ತಿದರು. 1964ರ ಜುಲೈನಲ್ಲಿ ರಾಜಮಾತೆ ಬಂದು ಕಾಲುವೆಯನ್ನು ಮತ್ತೆ ತೆರೆದರು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತೆಂದು ತೋರುತ್ತದೆ. 1962-63ರ ಭೀಕರ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನೀರು ಹೆಪ್ಪುಗಟ್ಟಿ, ಸರಕು ದೋಣಿಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಲಾಭಕ್ಕಾಗಿ ಕಾಲುವೆ ಬೇಕಾಗಿದ್ದವರೆಲ್ಲ ಹೊರಟುಹೋದರು. ಉಳಿದವರು ಅದನ್ನು ಸುಮ್ಮನೆ ಪ್ರೀತಿಸಿದವರು. ಚರ್ಚಿನ ವಿಷಯವೂ ಹಾಗೆಯೇ. ತೆರಿಗೆಯ ಬಲ ಹೋಯಿತು. ಭಾನುವಾರದ ಭಕ್ತರೂ ಕಡಮೆಯಾದರು. ಆದರೆ ಅಜ್ಜ ಮಲಗಿರುವ ಮಣ್ಣು ಅಲ್ಲಿದೆ, ಗಂಟೆ ಹೇಳುವ ಗೋಪುರ ಅಲ್ಲಿದೆ. ಅದನ್ನು ತಮ್ಮದೆನ್ನುವವರಿಗೆ ಪ್ರಾರ್ಥನೆಯೊಂದೇ ಕಾರಣವಾಗಬೇಕಿಲ್ಲ. ಸತ್ತ ಕಾಲುವೆಯನ್ನು ಎತ್ತಿ ನಿಲ್ಲಿಸಿದವರಿಗೆ ಸೋರುವ ಸೂರಿನ ಸಂಕಟ ಹೇಳಿಕೊಡಬೇಕಾದುದೂ ಇಲ್ಲ.

ಆ ಶನಿವಾರವನ್ನು ಅವನು ಬಣ್ಣಿಸಿದ ರೀತಿಯೇ ಸಾಕ್ಷಿ. ಒಮ್ಮೆಗೆ ಹನ್ನೆರಡು ಮಂದಿ ಮಾತ್ರ. ದೋಣಿಯ ವೇಗ ನಡಿಗೆಗಿಂತ ಹೆಚ್ಚಿಲ್ಲ. ಲಾಕಿನ ಬಳಿ ಪ್ರಯಾಣಿಕರೇ ಇಳಿದು, ಬೆನ್ನು ಕೊಟ್ಟು ಬಾಗಿಲಿನ ತೊಲೆಯನ್ನು ನೂಕಬೇಕು. ದಡದಲ್ಲಿ ಹೆಂಗಸರು ಚಹವನ್ನೂ ಮನೆಯಲ್ಲೇ ಮಾಡಿದ ಕೇಕನ್ನೂ ಮಾರುತ್ತಿದ್ದರು. ಇವನು ದಿನವಿಡೀ ಬಾಗಿಲು ನೂಕುವ ಕೆಲಸಕ್ಕೆ ನಿಂತುಬಿಟ್ಟನಂತೆ. ಸಂಜೆ ಎಣಿಸಿದಾಗ ಕೂಡಿದ ಹಣ ಸೂರಿನ ಒಂದು ಮೂಲೆಗೂ ಸಾಲದು. ಆದರೂ ಅದು ಹುಸಿಯಲ್ಲ. ದೊಡ್ಡ ನಿಧಿಗಳಿಗೆ ಅರ್ಜಿ ಹಾಕಿದಾಗ, ನೀವು ಊರಿನವರು ಏನು ಕೂಡಿಸಿದ್ದೀರಿ ಎಂಬ ಪ್ರಶ್ನೆ ಬರುವುದುಂಟು. ಆಗ ತೋರಿಸಲು ಏನಾದರೂ ಇರಬೇಕು. ಹುಟ್ಟುದೋಣಿಯವರ ಬಳಿ ಆ ಒಂದು ಚೀಟಿ ಇದ್ದಂತೆ.

ನಮ್ಮ ಹಳೆಯ ಶಾಸನಗಳಲ್ಲಿ ದೇಗುಲಗಳಿಗೆ ಬಿಟ್ಟ ದತ್ತಿಯನ್ನು ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದು—ಎಲ್ಲಕ್ಕೂ ಮುಂಚೆಯೇ ಏರ್ಪಾಡು. ಕಟ್ಟಿದವರಿಗೇ ತಿಳಿದಿತ್ತು, ಕಟ್ಟುವುದು ಒಂದು ದಿನದ ಕೆಲಸ, ಉಳಿಸುವುದು ದಿನದಿನದ ಕೆಲಸವೆಂದು. ಅರಸರು ಹೋದರು, ದತ್ತಿಗಳು ಕರಗಿದವು. ಆ ಮಾತನ್ನು ಪಾಠ ಹೇಳುವ ನಾನು ನನ್ನೂರಿನ ಕೆರೆಯ ಹೂಳಿಗೆ ಒಂದು ಬುಟ್ಟಿ ಹೊತ್ತವನಲ್ಲ.

ಇಷ್ಟನ್ನೂ ಅವನಿಗೆ ಬರೆದು ಹಾಕಿದೆ. ಮರು ಟಪಾಲಿನಲ್ಲಿ ಎರಡೇ ಸಾಲಿನ ಉತ್ತರ ಬಂದಿತು: “ಬರುವ ವರ್ಷವೂ ದೋಣಿ ಬಿಡುತ್ತಾರಂತೆ, ಮೇಷ್ಟ್ರೇ. ಬಾಗಿಲು ನೂಕಲು ಬರುತ್ತೇನೆಂದು ಹೆಸರು ಕೊಟ್ಟಿದ್ದೇನೆ.”